ಹಂಪಿ, ಕೂರ್ಗು ಬಿಟ್ಟು ಎಲ್ಲಿಗೆ? ಬೀದರ್, ಲಕ್ಕುಂಡಿ, ಸನ್ನತಿ ಮೂರನ್ನೂ ನೋಡಿ ಬಂದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬೀದರಿಗೆ.

ಹಂಪಿ, ಬಾದಾಮಿ ಎಲ್ಲರೂ ನೋಡಿರುತ್ತಾರೆ. ರಜೆ ಬಂತೆಂದರೆ ಚಿಕ್ಕಮಗಳೂರು, ಕೂರ್ಗು ದಾರಿಯಲ್ಲಿ ಕಾರುಗಳು ನಿಂತಲ್ಲೇ ನಿಂತಿರುತ್ತವೆ. ಅದಕ್ಕೆ ನಾನೂ ಅಮ್ಮನೂ ಜನ ಜಾಸ್ತಿ ಹೋಗದ ಊರುಗಳನ್ನು ಹುಡುಕಿಕೊಂಡು ಉತ್ತರದ ಕಡೆ ತಿರುಗಲು ಶುರು ಮಾಡಿದೆವು. ನಮ್ಮ ಹತ್ತಿರ ಕಾರಿಲ್ಲ. ರೈಲು, ಕೆಂಪು ಬಸ್ಸು, ಆಟೋ, ಅಷ್ಟೇ. ಅಮ್ಮನಿಗೆ ಮಂಡಿ ನೋವು ಬೇರೆ. ಕೆಳಗೆ ಬರೆದಿರುವುದನ್ನು ಇದನ್ನು ಲೆಕ್ಕಕ್ಕಿಟ್ಟುಕೊಂಡೇ ಓದಿ.

ಲಕ್ಕುಂಡಿ ಮೂರರಲ್ಲಿ ಸಲೀಸು. ಹುಬ್ಬಳ್ಳಿಯಿಂದ ಗದಗ, ಅಲ್ಲಿಂದ 12 ಕಿ.ಮೀ., ಕೊಪ್ಪಳದ ಹೆದ್ದಾರಿಯಲ್ಲೇ ಊರು. ಬಸ್ಸಿಗೆ ಕಾಯುವ ಗೋಳಿಲ್ಲ. ಕಾಶಿ ವಿಶ್ವನಾಥ ಗುಡಿಯ ಬಾಗಿಲವಾಡದ ಹತ್ತಿರ ನಿಂತರೆ ಬೇರೆ ಕಡೆ ಹೋಗಲು ಮನಸ್ಸೇ ಬರುವುದಿಲ್ಲ, ಪಟ್ಟಿಯ ಮೇಲೆ ಪಟ್ಟಿ, ಒಂದೊಂದರಲ್ಲೂ ಬೇರೆ ಬೇರೆ ಕೆತ್ತನೆ. ಬಳಪದ ಕಲ್ಲು ಮೆದು, ಅದಕ್ಕೇ ಉಳಿ ಅಷ್ಟು ಸಣ್ಣದಾಗಿ ಓಡಿದೆ. ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ಇಲ್ಲೇ ಇದೆ. 1007ರ ಶಾಸನದಲ್ಲಿ ಅವಳ ಮಾತು ಬರುತ್ತದೆ. ಸಾವಿರ ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ಹೀಗೆ ಬಸದಿ ಕಟ್ಟಿಸಿದ್ದಳು ಅಂದರೆ ಸುಮ್ನೆ ಮಾತಲ್ಲ. ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯನ್ನು ಮಾತ್ರ ತಪ್ಪಿಸಬೇಡಿ.

ಆದರೆ ಅರ್ಧ ದಿನಕ್ಕೆ ಲಕ್ಕುಂಡಿ ಮುಗಿಯುತ್ತದೆ. ಉಳಿದ ಹೊತ್ತಿಗೆ ಡಂಬಳದ ದೊಡ್ಡಬಸಪ್ಪ ಗುಡಿ, ಇಟಗಿಯ ಮಹಾದೇವ ಗುಡಿ ಸೇರಿಸಿಕೊಳ್ಳಬೇಕು. 1112ರ ಇಟಗಿ ಗುಡಿಯನ್ನು ಶಾಸನವೇ ದೇವಾಲಯ ಚಕ್ರವರ್ತಿ ಎಂದು ಕರೆದಿದೆ, ನೋಡಿದ ಮೇಲೆ ಅದು ಹೊಗಳಿಕೆ ಅನ್ನಿಸುವುದಿಲ್ಲ. ಸಂಜೆ ಗದಗಿನಲ್ಲಿ ಗಿರ್ಮಿಟ್, ಮಿರ್ಚಿ. ಖರ್ಚು ಮೂರರಲ್ಲಿ ಇದಕ್ಕೇ ಕಡಿಮೆ.

ಇನ್ನು ಸನ್ನತಿ. ಕಲಬುರಗಿ ಜಿಲ್ಲೆ, ಭೀಮಾ ನದಿಯ ದಂಡೆ. ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಯ ಪೀಠಕ್ಕೆ ಹಾಕಿದ್ದ ಕಲ್ಲು ನೋಡಿದರೆ ಅಶೋಕನ ಶಾಸನ! ಆಮೇಲೆ ಹತ್ತಿರದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು. ಅಲ್ಲಿಯ ಒಂದು ಚಪ್ಪಡಿಯಲ್ಲಿ ಅಶೋಕ ರಾಣಿಯ ಜೊತೆ ನಿಂತಿದ್ದಾನೆ, ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರೂ ಇದೆ. ಹೆಸರಿನ ಸಮೇತ ಅಶೋಕನ ಚಿತ್ರ ಸಿಕ್ಕಿದ್ದು ಇಲ್ಲಿ, ನಮ್ಮ ಕರ್ನಾಟಕದಲ್ಲಿ. ಇದು ಎಷ್ಟು ಜನಕ್ಕೆ ಗೊತ್ತು ಹೇಳಿ? ನನಗೆ ಇದೇ ಹೊಟ್ಟೆಯುರಿ.

ತೊಂದರೆ ಇರುವುದು ಹೋಗಿ ಬರುವುದರಲ್ಲಿ. ನಾಲವಾರ ಸ್ಟೇಷನ್ನಿನಿಂದ ಸುಮಾರು 20 ಕಿ.ಮೀ. ಹೋಗುವಾಗ ಏನೋ ಒಂದು ಆಟೋ ಸಿಕ್ಕಿತು, ಬಿಟ್ಟು ಹೊರಟುಹೋದ. ಅವನಿಗೂ ಮುಂದಿನ ಬಾಡಿಗೆ ಇತ್ತಂತೆ, ಕಾಯಲು ಒಪ್ಪಲಿಲ್ಲ. ಗುಡಿ ನೋಡಿದ್ದಾಯಿತು. ಸ್ತೂಪ ಇರುವುದು ಗುಡಿಯ ಹತ್ತಿರ ಅಲ್ಲ, ಕನಗನಹಳ್ಳಿಯ ಕಡೆ. ಬಿಸಿಲು ಏರಿತ್ತು. ದಾರಿಯಲ್ಲಿ ನೆರಳು ಕಡಿಮೆ, ಅಮ್ಮ ನಾಲ್ಕು ಹೆಜ್ಜೆ ಹಾಕುವುದು, ನಿಲ್ಲುವುದು, ಮಂಡಿ ಹಿಡಿದುಕೊಳ್ಳುವುದು. ಕೊನೆಗೆ ಹೊಲಕ್ಕೆ ಹೊರಟಿದ್ದ ಒಬ್ಬರು ಬೈಕಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಬಿಟ್ಟರು, ನಾನು ಹಿಂದೆ ನಡೆದು ಹೋದೆ.

ವಾಪಸ್ಸು ಬರುವುದು ಇನ್ನೂ ಕಷ್ಟ. ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದರೆ ಅಲ್ಲಿ ಕೂತಿದ್ದ ಅಜ್ಜ, "ಬರ್ತದ್ರಿ, ಬರಂಗಿಲ್ಲ ಅಂತಿಲ್ಲ. ಯಾವಾಗ ಅಂತ ಮಾತ್ರ ಹೇಳ್ಲಿಕ್ಕೆ ಬರಲ್ರಿ" ಅಂದರು. ನಂತರ ಅಮ್ಮನಿಗೆ, "ಯವ್ವಾ, ಇಲ್ಲಿ ನೆರಳಿಗಿ ಬಂದು ಕುಂದ್ರಿ" ಅಂತ ಜಾಗ ಬಿಟ್ಟುಕೊಟ್ಟರು. ಜನ ಅಷ್ಟು ಒಳ್ಳೆಯವರು. ಆದರೆ ರೈಲಿನ ಹೊತ್ತು ಮೀರುತ್ತಿತ್ತು, ತಂದಿದ್ದ ನೀರು ಖಾಲಿಯಾಗಿತ್ತು. ಹತ್ತಿ ತುಂಬಿದ ಟಂಟಂ ಒಂದು ಬಂದು ಡ್ರೈವರ್ ಪಕ್ಕ ಅಮ್ಮನಿಗೆ ಜಾಗ ಕೊಡದಿದ್ದರೆ ಆ ರಾತ್ರಿ ಎಲ್ಲಿ ಕಳೆಯುತ್ತಿದ್ದೆವೋ. ಇಷ್ಟು ದೊಡ್ಡ ಜಾಗಕ್ಕೆ ಹೊತ್ತು ಗೊತ್ತಿರುವ ಒಂದು ಬಸ್ಸು ಸಾಕು, ಕಾರಿಲ್ಲದವರೂ ನೋಡಿಕೊಂಡು ಬರುತ್ತಾರೆ. ಅಲ್ಲಿಯವರೆಗೆ ಕಲಬುರಗಿಯಿಂದಲೋ ಯಾದಗಿರಿಯಿಂದಲೋ ದಿನಕ್ಕೆ ಗಾಡಿ ಮಾಡಿಕೊಂಡೇ ಹೋಗಿ, ಊಟ ನೀರು ಕಟ್ಟಿಕೊಳ್ಳಿ. ಆ ಬಾಡಿಗೆ ಸೇರಿಸಿದರೆ ಮೂರರಲ್ಲಿ ಸನ್ನತಿಯೇ ದುಬಾರಿ.

ಬೀದರಿನಲ್ಲಿ ಈ ಕಷ್ಟವೇ ಇಲ್ಲ. ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿ ಮಲಗಿದರೆ ಆಯಿತು. ಊರೊಳಗೆ ಲಾಡ್ಜ್ ಮಾಡಿ ಚೀಲ ಇಟ್ಟರೆ ಕೋಟೆ, ಮದರಸಾ, ಗುರುದ್ವಾರ ಎಲ್ಲ ಆಟೋ ದೂರ. ಕೆಂಪು ಜಂಬಿಟ್ಟಿಗೆ ಕಲ್ಲಿನ ಎತ್ತರದ ಮೇಲೆ ಊರಿದೆ, ಹಾಗಾಗಿ ಕಲಬುರಗಿಯಷ್ಟು ಬಿಸಿಲು ಹೊಡೆಯುವುದಿಲ್ಲ. ಕೋಟೆಯ ಕಂದಕವನ್ನೂ ಅದೇ ಕಲ್ಲು ಕಡಿದೇ ಮಾಡಿದ್ದಾರೆ, ಒಂದರ ಹಿಂದೆ ಒಂದು ಮೂರು ಸಾಲು.

ಕೋಟೆಯಲ್ಲಿ ರಂಗೀನ್ ಮಹಲ್ ನೋಡದೆ ಬರಬೇಡಿ. ನಾವು ಹೋದಾಗ ಬೀಗ ಹಾಕಿತ್ತು, ಕೇಳಿದ್ದಕ್ಕೆ ತೆಗೆದು ತೋರಿಸಿದರು. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪಿನ ಚೂರುಗಳನ್ನು ಕೂರಿಸಿದ್ದಾರೆ. ಎದುರು ನಿಂತರೆ ಬಿಳಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಹಸಿರು, ಗುಲಾಬಿ. ಅಮ್ಮ ಅತ್ತ ಇತ್ತ ಸರಿದು ಸರಿದು ನೋಡಿದಳು, ಮಂಡಿ ನೋವು ಮರೆತೇಹೋಗಿತ್ತು. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಅರ್ಧ ಭಾಗ ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಹಾಳಾಯಿತು. ಉಳಿದ ಒಂದೇ ಮಿನಾರಿನ ಮೇಲೆ ನೀಲಿ ಹೆಂಚಿನ ಚೂರುಗಳು ಇನ್ನೂ ಇವೆ.

ಅಷ್ಟೂರಿನ ಗುಂಬಜ್‌ಗಳು ಊರಿಂದ ಸುಮಾರು 3 ಕಿ.ಮೀ. ಅಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಗೋರಿಯ ಒಳಗೆ ಕತ್ತಲು, ಕಣ್ಣು ಹೊಂದಿಕೊಂಡ ಮೇಲೆ ಛಾವಣಿ ತುಂಬ ಬಣ್ಣದ ಚಿತ್ತಾರ ಕಾಣುತ್ತದೆ. ಅವನನ್ನು ಅಲ್ಲಮಪ್ರಭು ಎಂದು ನಡೆದುಕೊಳ್ಳುವ ಲಿಂಗಾಯತರೂ ಇದ್ದಾರೆ. ಉರುಸಿಗೆ ಎರಡೂ ಕಡೆಯವರು ಬರುತ್ತಾರೆ.

ನನಗೆ ಬೀದರ್ ಹಿಡಿಸಿದ್ದಕ್ಕೆ ದೊಡ್ಡ ಕಾರಣ ಬಿದ್ರಿ ಕೆಲಸ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕುಸುರಿ. ಹಳೆ ಊರಿನ ಗಲ್ಲಿಯಲ್ಲಿ ಬಾಗಿಲು ತೆರೆದು ಕೂತು ಬಡಿಯುತ್ತಿರುತ್ತಾರೆ, ನೋಡಬಹುದಾ ಅಂದರೆ ಚಾಪೆ ಹಾಸಿ ಕೂರಿಸುತ್ತಾರೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಹೂಜಿ. ಗೀರು ಕಾಣಲಿ ಅಂತ ಮೈಲುತುತ್ತ ಸವರಿ ಕಪ್ಪು ಮಾಡಿಕೊಳ್ಳುತ್ತಾರೆ, ಉಳಿಯಿಂದ ಕೊರೆದು ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಉಜ್ಜಿದ ಮೇಲೆ ಬೆಳ್ಳಿ ಯಾವುದು, ಸತು ಯಾವುದು ಒಂದೂ ಗೊತ್ತಾಗುವುದಿಲ್ಲ. ಆಮೇಲೆ ಕೋಟೆಯ ಹಳೆ ಮಣ್ಣಿಗೆ ನವಸಾಗರ ಕಲಸಿ ಬಿಸಿ ಮಾಡಿ ಅದರಲ್ಲಿ ಅದ್ದುತ್ತಾರೆ. ಎತ್ತಿದಾಗ ಹೂಜಿ ಪೂರ್ತಿ ಕಪ್ಪು, ಬೆಳ್ಳಿ ಬಳ್ಳಿ ಮಾತ್ರ ಬಿಳಿ! ಮಣ್ಣು ಸರಿ ಇದೆಯೋ ಇಲ್ಲವೋ ಅಂತ ನಾಲಿಗೆಗೆ ಮುಟ್ಟಿಸಿ ನೋಡುತ್ತಾರೆ. ಚಿಕ್ಕ ಕಿವಿಯೋಲೆಯಾದರೂ ಅವರ ಕೈಯಿಂದಲೇ ತೊಗೊಳ್ಳಿ. ಚೌಕಾಸಿ ಮಾಡಬೇಡಿ.

ಊಟಕ್ಕೆ ಬಿರಿಯಾನಿ, ಜೋಳದ ರೊಟ್ಟಿ ಎರಡೂ ಇವೆ. ಗುರುನಾನಕ್ ಝೀರಾ ಗುರುದ್ವಾರದ ಲಂಗರ್‌ನಲ್ಲಿ ದಾಲ್ ರೋಟಿ ತಿಂದು ನಾವು ಒಂದು ಹೊತ್ತು ಕಳೆದೆವು. ನರಸಿಂಹ ಝರಣಿ ಅನ್ನುವ ಗುಹೆ ಗುಡಿಗೆ ಅಮ್ಮ ಇಳಿಯಲಿಲ್ಲ, ಎದೆಮಟ್ಟದ ನೀರಿನಲ್ಲಿ ಸುರಂಗದೊಳಗೆ ನಡೆಯಬೇಕು.

ಕೈಯಲ್ಲಿ ಒಂದೇ ದಿನ ಇದ್ದು ಹುಬ್ಬಳ್ಳಿ ಕಡೆಯವರಾದರೆ ಲಕ್ಕುಂಡಿ ಸಾಕು. ಸ್ವಂತ ಕಾರಿದ್ದು ಇತಿಹಾಸದ ಹುಚ್ಚಿದ್ದರೆ ಸನ್ನತಿಗೆ ಖಂಡಿತ ಹೋಗಿ, ನಿಮ್ಮಂಥವರು ಹೋದರೆ ತಾನೆ ಅಲ್ಲಿಗೆ ಬಸ್ಸು ಬರುವುದು. ನಮ್ಮ ಹಾಗೆ ರೈಲು, ಆಟೋ ನಂಬಿ, ವಯಸ್ಸಾದವರನ್ನು ಕರೆದುಕೊಂಡು, ಒಂದೇ ಲಾಡ್ಜಿನಲ್ಲಿದ್ದು ನಿಧಾನವಾಗಿ ನೋಡುವವರಿಗೆ ಬೀದರ್. ಇನ್ನೊಂದು ದಿನ ಉಳಿದರೆ ಹುಮನಾಬಾದ್ ಹತ್ತಿರದ ಜಲಸಂಗಿಗೆ ಹೋಗಿ ಬನ್ನಿ, ಅಲ್ಲಿಯ ಗುಡಿಯ ಗೋಡೆಯಲ್ಲಿ ಒಬ್ಬ ಕಲ್ಲಿನ ಹುಡುಗಿ ಶಾಸನ ಬರೆಯುತ್ತಾ ನಿಂತಿದ್ದಾಳೆ.