ಡಿ ಒತ್ತಿದರೆ ಡೇಟಾಶೀಟ್: ಕೀಕ್ಯಾಡ್ ಆರರಿಂದ ಒಂಬತ್ತರವರೆಗೆ ಬಳಸಿದ ಮೇಲೆ

ಸರ್ಕ್ಯೂಟ್ ಬೋರ್ಡ್ ವಿನ್ಯಾಸ ಮಾಡುವ ಉಚಿತ ತಂತ್ರಾಂಶ ಕೀಕ್ಯಾಡ್‌ನ ಮೂರು ಆಯಾಮದ ನೋಟ, ಲೇಯರ್ ಲೆಕ್ಕ, ರೂಟಿಂಗ್ ಇವೆಲ್ಲ ಈಗಾಗಲೇ ಎಲ್ಲರೂ ನೋಡಿದ್ದೀರಿ. ಅದನ್ನು ಬಿಟ್ಟು ಇಲ್ಲಿ ಒಂದೇ ಒಂದು ಕೀಲಿಯ ಬಗ್ಗೆ ಬರೆಯುತ್ತೇನೆ. ಸ್ಕೀಮ್ಯಾಟಿಕ್‌ನಲ್ಲಿ, ಅಂದರೆ ಸರ್ಕ್ಯೂಟಿನ ನಕ್ಷೆಯಲ್ಲಿ, ಒಂದು ಪಾರ್ಟಿನ ಮೇಲೆ ಕರ್ಸರ್ ಇಟ್ಟು ಡಿ ಒತ್ತಿದರೆ ಅದರ ಡೇಟಾಶೀಟ್, ಅಂದರೆ ತಯಾರಕರು ಕೊಡುವ ವಿವರದ ಹಾಳೆ, ತೆರೆಯುತ್ತದೆ. ಕಲಬುರಗಿಯ ಬೇಳೆ ಮಿಲ್ಲುಗಳ ಮೋಟಾರ್ ಪ್ಯಾನೆಲ್‌ಗೆ ಕಂಟ್ರೋಲ್ ಬೋರ್ಡ್ ಮಾಡುವ ಕೆಲಸದಲ್ಲಿ ಮೌಸ್ ಬಿಟ್ಟರೆ ನನ್ನ ಕೈ ಹೆಚ್ಚು ಹೋಗುವುದು ಆ ಕೀಲಿಗೇ.

5 ವೋಲ್ಟ್ ಕೊಡುವ ಸಾದಾ 7805 ರೆಗ್ಯುಲೇಟರ್ ತೆಗೆದುಕೊಳ್ಳಿ. 12 ವೋಲ್ಟ್ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್, ಕೆಪ್ಯಾಸಿಟರ್ ದಾಟಿದ ಮೇಲೆ ಅದರ ಇನ್‌ಪುಟ್‌ಗೆ ಬರುವುದು 12 ಅಲ್ಲ, ಸುಮಾರು 15.6 ವೋಲ್ಟ್. ಬೋರ್ಡು 100 ಮಿಲಿಆಂಪ್ ಎಳೆದರೆ 10.6 ವೋಲ್ಟ್ ಅಲ್ಲೇ ಕರಗಿ 1.06 ವ್ಯಾಟ್ ಶಾಖವಾಗುತ್ತದೆ. ಹೀಟ್‌ಸಿಂಕ್ ಇಲ್ಲದ ಟಿಒ-220 ಪ್ಯಾಕೇಜ್‌ಗೆ ಒಂದು ತಯಾರಕರ ಡೇಟಾಶೀಟ್ ವ್ಯಾಟಿಗೆ 65 ಡಿಗ್ರಿ ಏರಿಕೆ ಎನ್ನುತ್ತದೆ, ಇನ್ನೊಬ್ಬರದು 50 ಎನ್ನುತ್ತದೆ. ಮೇ ತಿಂಗಳಲ್ಲಿ ನಮ್ಮೂರ ಹೊರಗಿನ ಗಾಳಿಯೇ 42, 43 ಮುಟ್ಟುತ್ತದೆ. ತಗಡಿನ ಚಾವಣಿಯ ಕೆಳಗಿರುವ, ಬಾಗಿಲು ಮುಚ್ಚಿದ ಪ್ಯಾನೆಲ್ ಒಳಗೆ 55 ಎಂದು ಹಿಡಿಯಲೇಬೇಕು. 65ರ ಲೆಕ್ಕದಲ್ಲಿ ಜಂಕ್ಷನ್, ಅಂದರೆ ಒಳಗಿನ ಸಿಲಿಕಾನ್, 124 ಡಿಗ್ರಿಗೆ ಹೋಗುತ್ತದೆ. ಮಿತಿ 125. ರಾತ್ರಿ ಲೋಡ್ ಇಳಿದು ಲೈನ್ ವೋಲ್ಟೇಜ್ 250 ಆದರೆ ಆ ಒಂದು ಡಿಗ್ರಿಯೂ ಉಳಿಯುವುದಿಲ್ಲ. 50ರ ಲೆಕ್ಕದಲ್ಲಿ ಅದೇ ಜಂಕ್ಷನ್ 108ಕ್ಕೆ ನಿಲ್ಲುತ್ತದೆ. ಹೀಟ್‌ಸಿಂಕ್‌ಗೆ ಬೋರ್ಡಿನಲ್ಲಿ ಜಾಗ ಬಿಡಬೇಕೋ ಬೇಡವೋ ಎಂಬುದು ಡಿ ಒತ್ತಿದಾಗ ಯಾವ ಕಂಪನಿಯ ಹಾಳೆ ತೆರೆಯಿತು ಎನ್ನುವುದರ ಮೇಲೆ ನಿಂತಿದೆ.

ಕೀಕ್ಯಾಡ್ ಜೊತೆಗೆ ಬರುವ ಲೈಬ್ರರಿಯಲ್ಲಿ ಬಹಳಷ್ಟು ಪಾರ್ಟುಗಳಿಗೆ ಲಿಂಕ್ ಮೊದಲೇ ಇರುತ್ತದೆ. ಅದನ್ನು ಹಾಗೇ ನಂಬಬೇಡಿ. ಲಿಂಕ್ ಒಂದು ತಯಾರಕರದ್ದು, ಹೈದರಾಬಾದ್ ಕೋಠಿಯ ಗುಜರಾತಿ ಗಲ್ಲಿಯಿಂದಲೋ ಬೆಂಗಳೂರಿನ ಎಸ್‌ಪಿ ರೋಡಿನಿಂದಲೋ ನಿಮ್ಮ ಕೈಗೆ ಬರುವ ಪಾರ್ಟ್ ಇನ್ನೊಬ್ಬರದ್ದು. ‘ಎರಡೂ ಒಂದೇ ಅವ ಸರ್, ತಗೊಳ್ರಿ’ ಎಂದು ಕೌಂಟರಿನಲ್ಲಿ ಹೇಳುತ್ತಾರೆ. ನಂಬರ್ ಒಂದೇ ಇರಬಹುದು, ಕಾಲುಗಳು ಒಂದೇ ಇರಲಾರವು. 2222 ಟ್ರಾನ್ಸಿಸ್ಟರನ್ನೇ ನೋಡಿ. ಚಪ್ಪಟೆ ಮೈ ನಮ್ಮ ಕಡೆ ಇಟ್ಟರೆ ಪಿಎನ್2222ಎ ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಪಿ2ಎನ್2222ಎ ಎಂಬುದರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಇಂಥದ್ದನ್ನು 12 ವೋಲ್ಟಿನ ಶುಗರ್ ಕ್ಯೂಬ್ ರಿಲೇ ಎಳೆಯಲು ತಿರುವುಮುರುವಾಗಿ ಕೂರಿಸಿದರೆ ಬೋರ್ಡು ಪೂರ್ತಿ ಸತ್ತೂ ಹೋಗುವುದಿಲ್ಲ, ಸರಿಯಾಗಿ ನಡೆಯುವುದೂ ಇಲ್ಲ. ಉಲ್ಟಾ ನಿಂತ ಟ್ರಾನ್ಸಿಸ್ಟರಿಗೆ ಗೇನ್, ಅಂದರೆ ಕರೆಂಟ್ ಹಿಗ್ಗಿಸುವ ಶಕ್ತಿ, ಬಹಳ ಕಡಿಮೆ, 400 ಓಮ್ ಕಾಯಿಲ್ ಕೇಳುವ 30 ಮಿಲಿಆಂಪ್ ಪೂರ್ತಿ ಸಿಗುವುದಿಲ್ಲ. ಜೊತೆಗೆ ಬೇಸ್-ಎಮಿಟರ್ ಜಂಕ್ಷನ್ ಉಲ್ಟಾ ದಿಕ್ಕಿನಲ್ಲಿ ತಡೆಯುವುದು 6 ವೋಲ್ಟಿನ ಆಸುಪಾಸು ಮಾತ್ರ, ಅದರ ಮೇಲೆ 12 ಬಿದ್ದರೆ ಸೋರಲು ಶುರುವಾಗುತ್ತದೆ. ಇಂಥ ದೋಷ ಹುಡುಕಲು ಅರ್ಧ ದಿನ ಬೇಕು. ಡಿ ಒತ್ತಿ ಕಾಲಿನ ಚಿತ್ರ ನೋಡಲು ಎರಡು ಸೆಕೆಂಡು ಸಾಕು.

ಲಿಂಕ್‌ಗಳ ಇನ್ನೊಂದು ಕಾಯಿಲೆ, ಅವು ಸಾಯುತ್ತವೆ. ನ್ಯಾಷನಲ್ ಸೆಮಿಕಂಡಕ್ಟರ್ 2011ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಪಾಲಾಯಿತು. ಫೇರ್‌ಚೈಲ್ಡ್ 2016ರಲ್ಲಿ ಆನ್ ಸೆಮಿಕಂಡಕ್ಟರ್‌ಗೆ, ಅದೇ ವರ್ಷ ಆಟ್ಮೆಲ್ ಮೈಕ್ರೋಚಿಪ್‌ಗೆ ಹೋಯಿತು. ಕಂಪನಿ ಕೈ ಬದಲಾದರೆ ಜಾಲತಾಣದ ವಿಳಾಸವೂ ಬದಲಾಗುತ್ತದೆ, ಹಳೆಯ ಸ್ಕೀಮ್ಯಾಟಿಕ್‌ನಲ್ಲಿರುವ ಲಿಂಕ್ ಎಲ್ಲಿಗೂ ತಲುಪುವುದಿಲ್ಲ. ಲಿಂಕ್ ಬದುಕಿದ್ದರೂ ಮಿಲ್ಲಿನ ಪ್ಯಾನೆಲ್ ಕೋಣೆಯಲ್ಲಿ ಸಿಗ್ನಲ್ ಸಿಗಬೇಕಲ್ಲ.

ಹಾಗಾಗಿ ನನ್ನ ಪದ್ಧತಿ ಹೀಗಿದೆ. ಪ್ರಾಜೆಕ್ಟ್ ಫೋಲ್ಡರಿನೊಳಗೆ ‘ಡೇಟಾಶೀಟ್ಸ್’ ಎಂಬ ಒಂದು ಉಪಫೋಲ್ಡರ್. ಪಾರ್ಟ್ ಕೈಗೆ ಬಂದ ಮೇಲೆ, ಮೈಮೇಲಿನ ಲೋಗೋ ನೋಡಿ, ಅದೇ ತಯಾರಕರ ಪಿಡಿಎಫ್ ಇಳಿಸಿಕೊಳ್ಳುವುದು. ಫೈಲಿನ ಹೆಸರಿನಲ್ಲಿ ಪಾರ್ಟ್ ನಂಬರ್, ತಯಾರಕರ ಹೆಸರು, ಹಾಳೆಯ ರಿವಿಷನ್ ಮೂರೂ ಇರಬೇಕು. ಎಲ್ಲ ಸಣ್ಣಕ್ಷರ, ನಡುವೆ ಖಾಲಿ ಜಾಗ ಬೇಡ. ವಿಂಡೋಸ್‌ನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಒಂದೇ, ಲಿನಕ್ಸ್‌ನಲ್ಲಿ ಬೇರೆ ಬೇರೆ. ನಂತರ ಸಿಂಬಲ್ (ನಕ್ಷೆಯಲ್ಲಿ ಪಾರ್ಟಿನ ಚಿಹ್ನೆ) ಮೇಲೆ ಇ ಒತ್ತಿ ಡೇಟಾಶೀಟ್ ಎಂಬ ಸಾಲಿನಲ್ಲಿ ಪಾತ್, ಅಂದರೆ ಫೈಲ್ ಇರುವ ಜಾಗ, ಬರೆಯುವುದು. ಪಾತ್ ಡಿ ಡ್ರೈವ್‌ನಿಂದ ಶುರುವಾಗಬಾರದು, ಹಾಗೆ ಬರೆದದ್ದು ಬೇರೆ ಕಂಪ್ಯೂಟರಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಮೊದಲು ಡಾಲರ್ ಗುರುತು, ಕರ್ಲಿ ಬ್ರಾಕೆಟ್ ಒಳಗೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಕೆ-ಐ-ಪಿ-ಆರ್-ಜೆ-ಎಂ-ಒ-ಡಿ, ಆಮೇಲೆ ಮುಂದಕ್ಕೆ ವಾಲಿದ ಗೆರೆ, ಉಪಫೋಲ್ಡರ್, ಮತ್ತೆ ಗೆರೆ, ಫೈಲಿನ ಹೆಸರು. ಆ ಎಂಟು ಅಕ್ಷರಗಳ ಅರ್ಥ ‘ಈ ಪ್ರಾಜೆಕ್ಟ್ ಎಲ್ಲಿದೆಯೋ ಅಲ್ಲಿ’. ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ ಬೀದರ್‌ಗೆ ಒಯ್ದರೂ ಲಿಂಕ್ ಜೊತೆಗೇ ಬರುತ್ತದೆ.

ಒಂದೊಂದಾಗಿ ತುಂಬುವ ಅಗತ್ಯವಿಲ್ಲ. ಸಿಂಬಲ್ ಫೀಲ್ಡ್‌ಗಳ, ಅಂದರೆ ಪಾರ್ಟಿನ ಮಾಹಿತಿ ಸಾಲುಗಳ, ಪಟ್ಟಿ ತೆರೆದು ವ್ಯಾಲ್ಯೂ, ಫುಟ್‌ಪ್ರಿಂಟ್ (ಬೋರ್ಡಿನ ಮೇಲೆ ಪಾರ್ಟ್ ಕೂರುವ ಜಾಗದ ಆಕಾರ) ಪ್ರಕಾರ ಗುಂಪು ಮಾಡಿ. ಹದಿನಾಲ್ಕು 10ಕೆ ರೆಸಿಸ್ಟರ್ ಒಂದೇ ಸಾಲಾಗುತ್ತವೆ, ಅಲ್ಲಿ ಒಮ್ಮೆ ಬರೆದರೆ ಹದಿನಾಲ್ಕಕ್ಕೂ ಹೋಗುತ್ತದೆ. ರೆಸಿಸ್ಟರಿಗೇಕೆ ಡೇಟಾಶೀಟ್ ಎನ್ನಬೇಡಿ. 230 ವೋಲ್ಟ್ ಸೆನ್ಸ್ ಮಾಡುವ ಸಾಲಿನಲ್ಲಿ ರೆಸಿಸ್ಟರ್ ತಡೆಯುವ ಗರಿಷ್ಠ ವೋಲ್ಟೇಜ್ ಎಷ್ಟು ಎಂಬುದು ಅದರಲ್ಲೇ ಇರುತ್ತದೆ. ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರಿಗಂತೂ ಬೇಕೇ ಬೇಕು. 8 ಮಿಮೀ ಡಬ್ಬಿಯ ಕಾಲುಗಳ ನಡುವೆ 3.5 ಮಿಮೀ, 10 ಮಿಮೀ ಡಬ್ಬಿಯದು 5 ಮಿಮೀ. ಒಂದಕ್ಕೆ ಕೊರೆದ ರಂಧ್ರದಲ್ಲಿ ಇನ್ನೊಂದು ನೆಟ್ಟಗೆ ಕೂರುವುದಿಲ್ಲ.

ಇಷ್ಟೆಲ್ಲ ಪ್ರೀತಿಯಿಂದ ಜೋಡಿಸಿದ್ದನ್ನು ಒಂದೇ ಕ್ಲಿಕ್ಕಿಗೆ ಅಳಿಸುವ ಬಟನ್ ಕೂಡ ಇದೇ ತಂತ್ರಾಂಶದಲ್ಲಿದೆ, ನನ್ನ ದೊಡ್ಡ ತಕರಾರು ಅದೇ. ಟೂಲ್ಸ್ ಮೆನುವಿನಲ್ಲಿ ‘ಲೈಬ್ರರಿಯಿಂದ ಸಿಂಬಲ್ ಅಪ್‌ಡೇಟ್’ ಎಂಬ ಆಯ್ಕೆ. ಪಿನ್ ತಿದ್ದಲೆಂದೋ ಹೊಸ ಆವೃತ್ತಿಗೆ ಬಂದಾಗಲೋ ಅದನ್ನು ಒತ್ತುತ್ತೇವೆ. ಆ ಕಿಟಕಿಯಲ್ಲಿ ಫೀಲ್ಡಿನ ಪಠ್ಯ ಬದಲಿಸುವ ಟಿಕ್ ಇದ್ದು, ಫೀಲ್ಡ್‌ಗಳ ಪಟ್ಟಿಯಲ್ಲಿ ಡೇಟಾಶೀಟ್ ಎದುರಿಗೂ ಟಿಕ್ ಇದ್ದರೆ ನೀವು ಬರೆದ ಪಾತ್ ಹೋಗಿ ಲೈಬ್ರರಿಯ ಹಳೆಯ ಲಿಂಕ್ ಬಂದು ಕೂರುತ್ತದೆ. ‘ನಿಮ್ಮ 32 ಲಿಂಕ್ ಬದಲಾಗುತ್ತವೆ, ಸರಿಯೇ?’ ಎಂದು ಪ್ರತ್ಯೇಕವಾಗಿ ಕೇಳಬೇಕಿತ್ತು. ಮುದ್ರಿಸಿದ ಸ್ಕೀಮ್ಯಾಟಿಕ್‌ನಲ್ಲಿ ಆ ಫೀಲ್ಡ್ ಕಾಣಿಸುವುದೂ ಇಲ್ಲ. ಮುಂದೆ ಯಾವಾಗಲೋ ಡಿ ಒತ್ತಿದಾಗ ಬೇರೆ ತಯಾರಕರ ಹಾಳೆ ತೆರೆದುಕೊಂಡರೆ, ನೋಡುವವರು ಅದನ್ನೇ ಸರಿ ಎಂದು 65ರ ಜಾಗದಲ್ಲಿ 50 ಓದಿ ಮುಂದೆ ಹೋಗಿಬಿಡುತ್ತಾರೆ.

ಇದಕ್ಕೆ ಎರಡು ಪರಿಹಾರ. ಒಂದು, ಆ ಬಟನ್ ಒತ್ತುವ ಮುಂಚೆ ಪ್ರತಿ ಸಲ ಡೇಟಾಶೀಟ್ ಎದುರಿನ ಟಿಕ್ ತೆಗೆಯುವುದು. ಎರಡನೆಯದೇ ಗಟ್ಟಿ: ಬಳಸುವ ಪಾರ್ಟುಗಳನ್ನು ಪ್ರಾಜೆಕ್ಟಿನದೇ ಸ್ವಂತ ಲೈಬ್ರರಿಗೆ ನಕಲು ಮಾಡಿ, ಅಲ್ಲೇ ಸರಿಯಾದ ಪಾತ್ ಬರೆದಿಟ್ಟು, ಸ್ಕೀಮ್ಯಾಟಿಕ್‌ಗೆ ಅಲ್ಲಿಂದಲೇ ಪಾರ್ಟ್ ತರುವುದು. ಆಗ ಅಪ್‌ಡೇಟ್ ಒತ್ತಿದರೂ ಬರುವುದು ನಮ್ಮದೇ ಲಿಂಕ್. ಮೊದಲ ಪ್ರಾಜೆಕ್ಟಿಗೆ ಒಂದು ದಿನದ ಕೆಲಸ ಹಿಡಿಯುತ್ತದೆ. ಮುಂದಿನ ಪ್ರಾಜೆಕ್ಟಿಗೆ ಆ ಲೈಬ್ರರಿ ಮತ್ತು ಉಪಫೋಲ್ಡರ್ ಎರಡನ್ನೂ ನಕಲು ಮಾಡಿಕೊಂಡರೆ ಮುಗಿಯಿತು.

2025ರ ಒಂಬತ್ತನೇ ಆವೃತ್ತಿಯಲ್ಲಿ ಪಿಡಿಎಫ್ ಅನ್ನೇ ಸ್ಕೀಮ್ಯಾಟಿಕ್ ಅಥವಾ ಸಿಂಬಲ್ ಫೈಲಿನ ಒಳಗೆ ಅಡಗಿಸಿಡುವ ಅವಕಾಶ ಬಂದ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿದಿದೆ. ಫೈಲ್ ಆರಿಸುವಾಗ ಎಂಬೆಡ್ ಎಂಬಲ್ಲಿ ಟಿಕ್ ಹಾಕಿದರೆ ಸಾಕು, ಪಾತ್ ಎಂಬ ತಲೆನೋವೇ ಇಲ್ಲ. ಆದರೆ ಆರುನೂರಕ್ಕೂ ಹೆಚ್ಚು ಪುಟದ ಮೈಕ್ರೋಕಂಟ್ರೋಲರ್ ಹಾಳೆಯನ್ನು ಹಾಗೆ ತುಂಬಿದರೆ ಫೈಲ್ ಊದಿಕೊಳ್ಳುತ್ತದೆ. ಹಳೆಯ ಆವೃತ್ತಿ ಇರುವ ಕಾಲೇಜು ಲ್ಯಾಬಿನ ಕಂಪ್ಯೂಟರುಗಳಲ್ಲಿ ಒಂಬತ್ತರ ಫೈಲ್ ತೆರೆಯುವುದಿಲ್ಲ. ನಾಲ್ಕಾರು ಪುಟದ ಟ್ರಾನ್ಸಿಸ್ಟರ್, ರಿಲೇ ಹಾಳೆಗಳನ್ನು ಮಾತ್ರ ಒಳಗೆ ಇಡಿ, ದಪ್ಪನೆಯವು ಫೋಲ್ಡರಿನಲ್ಲೇ ಇರಲಿ.

ದಪ್ಪ ಹಾಳೆಗಳಿಗೆ ‘ಪುಟ’ ಎಂಬ ಹೊಸ ಫೀಲ್ಡ್ ಸೇರಿಸಿಕೊಂಡಿದ್ದೇನೆ. ಪಿನ್ ಚಿತ್ರ ಎಷ್ಟನೇ ಪುಟ, ಗರಿಷ್ಠ ಮಿತಿಗಳ ಕೋಷ್ಟಕ ಎಷ್ಟನೇ ಪುಟ ಎಂದು ಎರಡೇ ಅಂಕಿ. ಜಾಲದ ಲಿಂಕ್ ಆಗಿದ್ದರೆ ಕೊನೆಯಲ್ಲಿ ಹ್ಯಾಶ್ ಗುರುತು, ಇಂಗ್ಲಿಷಿನಲ್ಲಿ ಪೇಜ್ ಎಂಬ ಪದ, ಸಮ ಚಿಹ್ನೆ, ಪುಟದ ಅಂಕಿ ಬರೆದರೆ ಬ್ರೌಸರ್ ನೇರ ಅದೇ ಪುಟಕ್ಕೆ ಹೋಗುತ್ತದೆ.

ಹಣ ಕೊಟ್ಟು ಕೊಳ್ಳುವ ತಂತ್ರಾಂಶದ ವಾರ್ಷಿಕ ಬಾಡಿಗೆ ತಿಂಗಳಿಗೆ ಹತ್ತಿಪ್ಪತ್ತು ಬೋರ್ಡ್ ಮಾಡುವವರಿಗೆ ಎಟುಕುವುದಿಲ್ಲ. ಕೀಕ್ಯಾಡ್‌ಗೆ ಒಂದು ರೂಪಾಯಿಯೂ ಇಲ್ಲ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ನಕ್ಷತ್ರ, ಕಡಿಮೆಯಾದ ಒಂದು ಆ ಅಪ್‌ಡೇಟ್ ಬಟನ್‌ಗೆ. ಬೋರ್ಡು ತಯಾರಿಗೆ ಕಳಿಸುವ ಮುಂಚೆ ಪ್ರಾಜೆಕ್ಟನ್ನು ಬೇರೆ ಕಂಪ್ಯೂಟರಿಗೆ ನಕಲು ಮಾಡಿ, ಇಂಟರ್ನೆಟ್ ಕಿತ್ತು, ಪ್ರತಿ ಪಾರ್ಟಿನ ಮೇಲೂ ಡಿ ಒತ್ತಿ ನೋಡ್ರಿ. ಮೂವತ್ತು ಬಗೆಯ ಪಾರ್ಟ್ ಇರುವ ಬೋರ್ಡಿಗೆ ಹತ್ತು ನಿಮಿಷ ಸಾಕು.