ಹಳೆಯ ಬೋರ್ಡಿಗೆ ಹೊಸ ಪ್ರೊಸೆಸರ್: ರೈಜನ್ 5 5600 ಮತ್ತು ಒಂದು ಎನ್‌ವಿಎಂಇ ಎಸ್‌ಎಸ್‌ಡಿ

2017–18ರ ಹೊತ್ತಿಗೆ ಎಎಂಡಿಯ ಮೊದಲ ತಲೆಮಾರಿನ ರೈಜನ್ ಪ್ರೊಸೆಸರ್ ಹಾಕಿಸಿ ಡೆಸ್ಕ್‌ಟಾಪ್ ಅಸೆಂಬಲ್ ಮಾಡಿಸಿಕೊಂಡ ಮನೆಗಳು ನಮ್ಮಲ್ಲಿ ಸಾಕಷ್ಟಿವೆ. ಆ ಯಂತ್ರಗಳಲ್ಲಿ ಹೆಚ್ಚಿನವು ಇಂದಿಗೂ ಕೆಡದೆ ಓಡುತ್ತಿವೆ. ಆದರೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11ಕ್ಕೆ ಅರ್ಹವಾದ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ರೈಜನ್ 5 1600ರ ಹೆಸರಿಲ್ಲ. ಹೀಗಾಗಿ ಇಡೀ ಯಂತ್ರವನ್ನೇ ಬದಲಾಯಿಸಬೇಕೇ ಎಂಬ ಪ್ರಶ್ನೆ ಹಲವರನ್ನು ಕಾಡುತ್ತಿದೆ. ಬದಲಾಯಿಸಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮದರ್‌ಬೋರ್ಡ್, ರ‍್ಯಾಮ್, ಕ್ಯಾಬಿನೆಟ್, ಎಸ್‌ಎಂಪಿಎಸ್ (ವಿದ್ಯುತ್ ಒದಗಿಸುವ ಪೆಟ್ಟಿಗೆ) ಎಲ್ಲವನ್ನೂ ಇದ್ದ ಹಾಗೆಯೇ ಉಳಿಸಿಕೊಂಡು, ರೈಜನ್ 5 1600ರ ಜಾಗದಲ್ಲಿ ರೈಜನ್ 5 5600 ಪ್ರೊಸೆಸರ್ ಮತ್ತು ಒಂದು ಎನ್‌ವಿಎಂಇ ಎಸ್‌ಎಸ್‌ಡಿ (ಬೋರ್ಡಿಗೇ ನೇರವಾಗಿ ಸಿಕ್ಕಿಸುವ, ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಹಾಕಿಸಿದ ನಮ್ಮ ಮನೆಯ ಬಿ350 ಬೋರ್ಡಿನ ಕಂಪ್ಯೂಟರ್ ಈಗ ಹೇಗಿದೆ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಬಳಕೆಯ ಸ್ವರೂಪವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಯಂತ್ರದಲ್ಲಿ ಆಟಗಳಿಗಿಂತ ಕೆಲಸವೇ ಹೆಚ್ಚು. ಹಳೆಯ ಕನ್ನಡ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ, ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶದಿಂದ ಪಠ್ಯವಾಗಿ ಪರಿವರ್ತಿಸಿ, ತಿದ್ದಿ, ಪುಟವಿನ್ಯಾಸ ಮಾಡುವುದು ನನ್ನ ಬಿಡುವಿನ ವೇಳೆಯ ಕೆಲಸ. ಮಗಳು ಕಾಲೇಜಿನ ಪ್ರಾಜೆಕ್ಟುಗಳಿಗೆ ಇದೇ ಯಂತ್ರದ ಮುಂದೆ ಕೂರುತ್ತಾಳೆ. ಆಟಕ್ಕೆಂದೇ ಕಂಪ್ಯೂಟರ್ ಇಟ್ಟುಕೊಂಡವರ ಲೆಕ್ಕಾಚಾರ ಬೇರೆ. ಅವರಿಗೆ ಸಂಬಂಧಪಟ್ಟ ಮಾತು ಮುಂದೆ ಬರುತ್ತದೆ.

ನಾನು ಮೊದಲು ವಿಚಾರಿಸಿದ ಅಂಗಡಿಯಲ್ಲಿ, ಬೋರ್ಡು ತುಂಬ ಹಳೆಯದು, ಹೊಸ ಪ್ರೊಸೆಸರ್ ಅದಕ್ಕೆ ಕೂರುವುದಿಲ್ಲ, ಬೋರ್ಡು ಮತ್ತು ರ‍್ಯಾಮ್ ಸಮೇತ ಎಲ್ಲವನ್ನೂ ಬದಲಿಸಲೇಬೇಕು ಎಂದರು. ಇದು ಸರಿಯಾದ ಮಾಹಿತಿಯಲ್ಲ, ಮತ್ತು ಈ ಮಾತನ್ನು ನಂಬಿ ಹತ್ತಾರು ಸಾವಿರ ರೂಪಾಯಿಯನ್ನು ಸುಮ್ಮನೆ ಖರ್ಚು ಮಾಡಿದವರು ನನ್ನ ಪರಿಚಯದಲ್ಲೇ ಇದ್ದಾರೆ ಎಂಬ ಕಾರಣಕ್ಕೆ ಇದರ ಹಿನ್ನೆಲೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ. ರೈಜನ್ ಪ್ರೊಸೆಸರ್‌ಗಳು 2017ರಲ್ಲಿ ಎಎಂ4 ಎಂಬ ಸಾಕೆಟ್‌ನೊಂದಿಗೆ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಬಂದವು. 2020ರ ಕೊನೆಯಲ್ಲಿ 5000 ಸರಣಿ ಬಂದಾಗ ಅದನ್ನು ನಮ್ಮ ಬಿ350 ಸೇರಿದ ಹಳೆಯ 300 ಸರಣಿಯ ಬೋರ್ಡುಗಳಲ್ಲಿ ಬಳಸಲು ಎಎಂಡಿ ಅಧಿಕೃತವಾಗಿ ಅವಕಾಶ ಕೊಟ್ಟಿರಲಿಲ್ಲ. ಬಳಕೆದಾರರು ಪಟ್ಟುಹಿಡಿದು ಕೇಳುತ್ತಲೇ ಇದ್ದರು. 2022ರಲ್ಲಿ ಕಂಪನಿ ಆ ನಿಲುವನ್ನು ಸಡಿಲಿಸಿತು, ಬೋರ್ಡ್ ತಯಾರಕರು ಒಬ್ಬೊಬ್ಬರಾಗಿ ಹೊಸ ಬಯೋಸ್ (ಯಂತ್ರ ಚಾಲೂ ಆದೊಡನೆ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಬಿಡುಗಡೆ ಮಾಡಿದರು. ಅಂಗಡಿಯವರು ಹೇಳಿದ್ದು 2022ಕ್ಕಿಂತ ಹಿಂದಿನ ಪರಿಸ್ಥಿತಿ. ಇಂಟೆಲ್ ಬಳಕೆದಾರರಿಗೆ ಈ ಅನುಕೂಲ ಇರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು: 2017ರಲ್ಲೇ ಎಂಟನೆಯ ತಲೆಮಾರಿನ ಕೋರ್ ಪ್ರೊಸೆಸರ್‌ಗಳು ಬಂದಾಗ ಸಾಕೆಟ್‌ನ ಹೆಸರು ಅದೇ ಎಲ್‌ಜಿಎ 1151 ಆಗಿದ್ದರೂ ಅದಕ್ಕೂ ಮುಂಚಿನ ಬೋರ್ಡುಗಳು ಅವುಗಳಿಗೆ ಒಗ್ಗಲಿಲ್ಲ, ಹೊಸ ಬೋರ್ಡನ್ನು ಕೊಳ್ಳಲೇಬೇಕಾಯಿತು.

ನಿಮ್ಮ ಬೋರ್ಡಿಗೆ ಯಾವ ಪ್ರೊಸೆಸರ್ ಒಗ್ಗುತ್ತದೆ ಎಂಬುದನ್ನು ಯಾರನ್ನೂ ಕೇಳದೆ ನೀವೇ ನೋಡಿಕೊಳ್ಳಬಹುದು. ಬೋರ್ಡ್ ತಯಾರಕರ ಜಾಲತಾಣದಲ್ಲಿ ಪ್ರತಿ ಮಾದರಿಗೂ ಪ್ರೊಸೆಸರ್‌ಗಳ ಪಟ್ಟಿ ಇರುತ್ತದೆ, ಪ್ರತಿ ಹೆಸರಿನ ಎದುರಿಗೆ ಯಾವ ಬಯೋಸ್ ಆವೃತ್ತಿಯಿಂದ ಅದು ಕೆಲಸ ಮಾಡುತ್ತದೆ ಎಂದು ನಮೂದಾಗಿರುತ್ತದೆ. ಕೆಲವು ತಯಾರಕರು ಒಂದೇ ಮಾದರಿಯ ಬೋರ್ಡನ್ನು ಎರಡು ಮೂರು ಪರಿಷ್ಕರಣೆಗಳಲ್ಲಿ ಹೊರತಂದಿರುತ್ತಾರಾದ್ದರಿಂದ, ಬೋರ್ಡಿನ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿತವಾಗಿರುವ ಪರಿಷ್ಕರಣೆಯ ಸಂಖ್ಯೆಯನ್ನು ಟಾರ್ಚ್ ಹಿಡಿದು ಓದಿಕೊಂಡ ಮೇಲೆಯೇ ಪಟ್ಟಿಯನ್ನು ನೋಡಬೇಕು. ಆ ಪುಟವನ್ನು ಮೊಬೈಲ್‌ನಲ್ಲಿ ತೆರೆದಿಟ್ಟುಕೊಂಡು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದಾಗ ವ್ಯವಹಾರ ಸಲೀಸಾಗಿ ಮುಗಿಯಿತು. ಪ್ರೊಸೆಸರ್‌ಗೆ ಕೊಟ್ಟದ್ದು ಹತ್ತು ಸಾವಿರ ರೂಪಾಯಿಯ ಆಸುಪಾಸು.

ಈ ಕೆಲಸದಲ್ಲಿ ಕ್ರಮ ತಪ್ಪಬಾರದು. ಹೊಸ ಪ್ರೊಸೆಸರನ್ನು ಗುರುತಿಸುವ ಬಯೋಸನ್ನು ಹಳೆಯ ಪ್ರೊಸೆಸರ್ ಇನ್ನೂ ಸಾಕೆಟ್‌ನಲ್ಲಿ ಇರುವಾಗಲೇ ಹಾಕಬೇಕು. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದ ಮೇಲೆ ನೆನಪಾದರೆ ತೆರೆಯ ಮೇಲೆ ಏನೂ ಬರುವುದಿಲ್ಲ. ಬಹಳ ಹಳೆಯ ಬಯೋಸ್ ಇರುವ ಬೋರ್ಡುಗಳಲ್ಲಿ ನೇರವಾಗಿ ಕೊನೆಯ ಆವೃತ್ತಿಗೆ ಹೋಗದೆ, ತಯಾರಕರು ಸೂಚಿಸಿದ ನಡುವಿನ ಆವೃತ್ತಿಯೊಂದನ್ನು ಮೊದಲು ಹಾಕಬೇಕಾಗಬಹುದು. ಬಯೋಸ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಬೋರ್ಡೇ ಕೈಬಿಡುವ ಅಪಾಯವಿರುವುದರಿಂದ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ನಮ್ಮ ಊರುಗಳ ವಿದ್ಯುತ್ತಿನ ಸ್ಥಿತಿ ಬಲ್ಲವರಿಗೆ ಇದನ್ನು ಒತ್ತಿ ಹೇಳಬೇಕಿಲ್ಲ.

ಎರಡನೆಯ ಎಚ್ಚರಿಕೆ ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ಗೆ ಸಂಬಂಧಿಸಿದ್ದು. ವಿಂಡೋಸ್ 11 ಕೇಳುವ ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಪಿಡುವ ಭದ್ರತಾ ವ್ಯವಸ್ಥೆ) ಈ ಬೋರ್ಡುಗಳಲ್ಲಿ ಪ್ರತ್ಯೇಕ ಚಿಪ್ಪಾಗಿ ಇರಬೇಕಿಲ್ಲ. ಎಎಂಡಿ ಅದನ್ನು ಫರ್ಮ್‌ವೇರ್ ರೂಪದಲ್ಲಿ, ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಒದಗಿಸುತ್ತದೆ. ಪ್ರೊಸೆಸರ್ ಬದಲಾದೊಡನೆ ಅದರೊಳಗಿನ ಹಳೆಯ ಕೀಲಿಗಳು, ಬಿಟ್‌ಲಾಕರ್‌ನದೂ ಸೇರಿ, ನಿರುಪಯುಕ್ತವಾಗುತ್ತವೆ. ಹೊಸ ಪ್ರೊಸೆಸರ್ ಹಾಕಿ ಮೊದಲ ಬಾರಿಗೆ ಚಾಲೂ ಮಾಡಿದಾಗ ಕಪ್ಪು ತೆರೆಯ ಮೇಲೆ, ಹೊಸ ಪ್ರೊಸೆಸರ್ ಅಳವಡಿಕೆಯಾಗಿದೆ, ಎಫ್‌ಟಿಪಿಎಂ ಮರುಹೊಂದಿಸಬೇಕಾದರೆ ವೈ ಒತ್ತಿ, ಬೇಡವಾದರೆ ಎನ್ ಒತ್ತಿ ಎಂಬರ್ಥದ ಇಂಗ್ಲಿಷ್ ಸಾಲುಗಳು ಕಾಣಿಸಿಕೊಂಡವು. ಡಿಸ್ಕ್ ಬಿಟ್‌ಲಾಕರ್‌ನಿಂದ ಗೂಢಲಿಪೀಕರಣಗೊಂಡಿದ್ದು, ಅದರ ರಿಕವರಿ ಕೀ ನಿಮ್ಮಲ್ಲಿ ಇಲ್ಲದಿದ್ದರೆ, ವೈ ಒತ್ತಿದ ಮೇಲೆ ಕಡತಗಳು ಸಿಗದೇ ಹೋಗಬಹುದು. ಆದ್ದರಿಂದ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುಂಚೆಯೇ ಬಿಟ್‌ಲಾಕರನ್ನು ತಡೆಹಿಡಿದು, ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಕ್ಷೇಮ. ನಾವು ಹಾಗೆ ಮಾಡಿದ್ದರಿಂದ ನಿಶ್ಚಿಂತೆಯಿಂದ ವೈ ಒತ್ತಿದೆವು.

ಅಳವಡಿಕೆಯಲ್ಲಿ ನಾಜೂಕಾದ ಘಟ್ಟ ಹಳೆಯ ಫ್ಯಾನನ್ನು ತೆಗೆಯುವುದು. ಎಎಂ4 ಪ್ರೊಸೆಸರಿನ ಅಡಿಯಲ್ಲಿ 1331 ಪಿನ್ನುಗಳಿವೆ, ಮತ್ತು ವರ್ಷಗಟ್ಟಲೆ ಒಣಗಿದ ಥರ್ಮಲ್ ಪೇಸ್ಟ್ ಪ್ರೊಸೆಸರನ್ನು ಹೀಟ್‌ಸಿಂಕ್‌ಗೆ ಅಂಟಿನಂತೆ ಹಿಡಿದಿರುತ್ತದೆ. ಸ್ಕ್ರೂ ಬಿಚ್ಚಿ ನೇರವಾಗಿ ಮೇಲಕ್ಕೆ ಎಳೆದರೆ, ಲಿವರ್ ಮುಚ್ಚಿದ್ದರೂ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತುಕೊಂಡು ಬಂದು ಪಿನ್ನುಗಳು ಬಾಗುತ್ತವೆ. ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ ಪೇಸ್ಟ್ ಬಿಸಿಯಾಗಿ ಮೆತ್ತಗಾದ ಮೇಲೆ ಆರಿಸಿ, ಕರೆಂಟಿನ ವೈರ್ ತೆಗೆದು, ಸ್ಕ್ರೂಗಳನ್ನು ಸಡಿಲಿಸಿ, ಹೀಟ್‌ಸಿಂಕನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸುತ್ತಾ ಹೋದರೆ ಹಿಡಿತ ತಾನಾಗಿ ಬಿಡುತ್ತದೆ. ಹೊಸದನ್ನು ಕೂರಿಸುವಾಗ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್‌ನ ಗುರುತಿಗೆ ಹೊಂದಿಸಿದರೆ ಪ್ರೊಸೆಸರ್ ತನ್ನ ಭಾರಕ್ಕೇ ಕೆಳಗಿಳಿಯುತ್ತದೆ. ಒತ್ತಬೇಕೆನಿಸಿದರೆ ಏನೋ ಸರಿಯಿಲ್ಲವೆಂದೇ ಅರ್ಥ.

ಫ್ಯಾನಿನ ವಿಷಯದಲ್ಲಿ ಒಂದು ಸಲಹೆ. 5600ರ ಪೆಟ್ಟಿಗೆಯಲ್ಲಿ ಬರುವ ವ್ರೇತ್ ಸ್ಟೆಲ್ತ್ ಫ್ಯಾನಿಗಿಂತ, ಹಿಂದೆ ರೈಜನ್ 5 1600ರ ಜೊತೆ ಬರುತ್ತಿದ್ದ ವ್ರೇತ್ ಸ್ಪೈರ್ ಎತ್ತರದಲ್ಲೂ ಶಾಖ ಹೊರಹಾಕುವ ಶಕ್ತಿಯಲ್ಲೂ ಮೇಲು. ಹಳೆಯ ಸ್ಪೈರನ್ನು ಧೂಳು ಬಿಡಿಸಿ, ಒಣ ಪೇಸ್ಟನ್ನು ಒರೆಸಿ, ಹೊಸ ಪೇಸ್ಟ್ ಹಚ್ಚಿ ಅದನ್ನೇ ಮುಂದುವರಿಸಿದೆವು. ಎರಡೂ ಪ್ರೊಸೆಸರ್‌ಗಳು 65 ವಾಟ್‌ನವೇ ಆದ್ದರಿಂದ ಎಸ್‌ಎಂಪಿಎಸ್ ಮೇಲೆ ಹೆಚ್ಚಿನ ಹೊರೆ ಬೀಳಲಿಲ್ಲ.

ಇನ್ನು ಕೆಲಸದ ವೇಗ. ಕಾಗದದ ಮೇಲೆ ನೋಡಿದರೆ ಎರಡೂ ಆರು ಕೋರ್ (ಲೆಕ್ಕ ಮಾಡುವ ಘಟಕ), ಹನ್ನೆರಡು ಥ್ರೆಡ್‌ಗಳ (ಏಕಕಾಲಕ್ಕೆ ನಡೆಯುವ ಕೆಲಸದ ಎಳೆ) ಪ್ರೊಸೆಸರ್‌ಗಳೇ. ಹಾಗಿದ್ದ ಮೇಲೆ ದುಡ್ಡು ಯಾಕೆ ಹಾಕಬೇಕು ಎಂದು ಕೇಳಿದವರಿದ್ದಾರೆ. ವ್ಯತ್ಯಾಸ ಇರುವುದು ಕೋರ್‌ಗಳ ಒಳಗೆ. 1600ರ ಗರಿಷ್ಠ ವೇಗ 3.6 ಗಿಗಾಹರ್ಟ್ಸ್, 5600ರದ್ದು 4.4. ಹಳೆಯದರಲ್ಲಿ ಕೋರ್‌ಗಳು ಮೂರು ಮೂರರ ಎರಡು ಗುಂಪುಗಳಾಗಿ ಒಡೆದಿದ್ದು, ಪ್ರತಿ ಗುಂಪಿಗೂ 8 ಎಂಬಿಯ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ಅತಿವೇಗದ ಚಿಕ್ಕ ಮೆಮೊರಿ) ಇತ್ತು. ಹೊಸದರಲ್ಲಿ ಆರೂ ಕೋರ್‌ಗಳು ಒಂದೇ ಗುಂಪಿನಲ್ಲಿದ್ದು ಇಡೀ 32 ಎಂಬಿ ಕ್ಯಾಶನ್ನು ಹಂಚಿಕೊಳ್ಳುತ್ತವೆ. ನನ್ನ ಕೆಲಸಕ್ಕೆ ಇನ್ನೂ ಮುಖ್ಯವಾದ ಸಂಗತಿ ಮತ್ತೊಂದಿದೆ. ಟೆಸರಾಕ್ಟ್ ಅಕ್ಷರ ಗುರುತಿಸುವಾಗ ಮಾಡುವ ಭಾರೀ ಗುಣಾಕಾರಗಳಿಗೆ ಎವಿಎಕ್ಸ್2 ಎಂಬ 256 ಬಿಟ್‌ಗಳ ಆದೇಶಗಳನ್ನು ಬಳಸುತ್ತದೆ. ಮೊದಲ ತಲೆಮಾರಿನ ರೈಜನ್ ಇವನ್ನು 128 ಬಿಟ್‌ಗಳ ಎರಡು ತುಂಡುಗಳಾಗಿ ಒಡೆದು ನಡೆಸುತ್ತಿತ್ತು. 2019ರ ಝೆನ್ 2 ವಿನ್ಯಾಸದಿಂದೀಚೆಗೆ ಅವು ಇಡಿಯಾಗಿ ನಡೆಯುತ್ತವೆ. ಒತ್ತಕ್ಷರಗಳು ದಟ್ಟವಾಗಿರುವ ಹಳೆಯ ಮುದ್ರಣದ ಪುಸ್ತಕವೊಂದನ್ನು ಪಠ್ಯವಾಗಿಸಲು ಈಗ ಹಿಂದಿನ ಸಮಯದ ಹೆಚ್ಚುಕಡಿಮೆ ಅರ್ಧ ಸಾಕಾಗುತ್ತಿದೆ. ಹಿಂದೆ ರಾತ್ರಿ ಹಚ್ಚಿಟ್ಟು ಮಲಗುತ್ತಿದ್ದ ಕೆಲಸವನ್ನು ಈಗ ಸಂಜೆಯಲ್ಲೇ ಮುಗಿಸಿ ತಿದ್ದಲು ಕೂರಬಹುದಾಗಿದೆ. ಪುಟವಿನ್ಯಾಸದಲ್ಲಿ ದೀರ್ಘ ಅಧ್ಯಾಯದ ನಡುವೆ ಒಂದು ಸಾಲು ಸೇರಿಸಿದಾಗ ಮುಂದಿನ ಪುಟಗಳೆಲ್ಲ ಮರುಜೋಡಣೆಯಾಗುವವರೆಗೆ ಕರ್ಸರ್ ನಿಂತುಬಿಡುತ್ತಿದ್ದ ತೊಂದರೆಯೂ ನೀಗಿದೆ.

ಆದರೂ ಮನೆಯವರೆಲ್ಲರ ಅನುಭವಕ್ಕೆ ಮೊದಲು ಬಂದದ್ದು ಪ್ರೊಸೆಸರ್ ಅಲ್ಲ, ಎಸ್‌ಎಸ್‌ಡಿ. ಅಲ್ಲಿಯವರೆಗೆ ವಿಂಡೋಸ್ ಇದ್ದದ್ದು ನಿಮಿಷಕ್ಕೆ 7200 ಸುತ್ತಿನ ಹಾರ್ಡ್ ಡಿಸ್ಕಿನಲ್ಲಿ. ಚಾಲೂ ಮಾಡಿ ಅಡುಗೆಮನೆಗೆ ಹೋಗಿ ಬಂದರೂ ಡಿಸ್ಕಿನ ದೀಪ ಮಿನುಗುತ್ತಲೇ ಇರುತ್ತಿತ್ತು. ಕೈಯಲ್ಲಿ ಹಣ ಸ್ವಲ್ಪವೇ ಇದ್ದು ಎರಡರಲ್ಲಿ ಒಂದನ್ನು ಮಾತ್ರ ಕೊಳ್ಳಬಹುದಾದರೆ, ಇನ್ನೂ ಹಾರ್ಡ್ ಡಿಸ್ಕಿನಿಂದ ಓಡುತ್ತಿರುವ ಯಂತ್ರಕ್ಕೆ ಎಸ್‌ಎಸ್‌ಡಿಯನ್ನೇ ಮೊದಲು ಹಾಕಿಸಿ. ಬಿ350 ಬೋರ್ಡಿನ ಎಂ.2 ಸ್ಲಾಟ್ (ಎಸ್‌ಎಸ್‌ಡಿ ಸಿಕ್ಕಿಸುವ ಜಾಗ) ಪಿಸಿಐಇ ಎಂಬ ಸಂಪರ್ಕ ವ್ಯವಸ್ಥೆಯ 3.0 ಆವೃತ್ತಿಯದ್ದಾದ್ದರಿಂದ ಸೆಕೆಂಡಿಗೆ ಸುಮಾರು 3,500 ಎಂಬಿಗಿಂತ ಹೆಚ್ಚಿನ ವೇಗ ಅದರಲ್ಲಿ ಸಿಗದು. 7,000 ಎಂಬಿ ಎಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ 4.0 ಎಸ್‌ಎಸ್‌ಡಿ ಇಲ್ಲಿ ಓಡುತ್ತದೆಯಾದರೂ ಆ ವೇಗಕ್ಕೆಂದು ಹೆಚ್ಚು ಹಣ ಕೊಡುವುದು ವ್ಯರ್ಥ. ಅದರ ಬದಲು ಟಿಎಲ್‌ಸಿ ಎಂಬ ಹೆಚ್ಚು ಬಾಳಿಕೆಯ ಬಗೆಯ ಮೆಮೊರಿ ಮತ್ತು ಐದು ವರ್ಷದ ವಾರಂಟಿ ಇರುವುದನ್ನು ಆರಿಸಿಕೊಳ್ಳಿ. ಕೆಲವು ಬೋರ್ಡುಗಳಲ್ಲಿ ಎಂ.2 ಸ್ಲಾಟ್ ತುಂಬಿದೊಡನೆ ಹಾರ್ಡ್ ಡಿಸ್ಕ್ ಜೋಡಿಸುವ ಒಂದೆರಡು ಸಾಟಾ ಪೋರ್ಟುಗಳು ನಿಷ್ಕ್ರಿಯವಾಗುತ್ತವೆ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಹಳೆಯ ಹಾರ್ಡ್ ಡಿಸ್ಕ್ ಕಾಣೆಯಾಯಿತೆಂದು ಗಾಬರಿಯಾಗುವವರು ಇದ್ದಾರೆ.

ವಿಂಡೋಸ್ 11ನ್ನು ಹೊಸ ಎಸ್‌ಎಸ್‌ಡಿಯ ಮೇಲೆ ಮೊದಲಿಂದ ಹಾಕಿದೆವು. ಬಯೋಸ್‌ನಲ್ಲಿ ಸಿಎಸ್‌ಎಂ (ಹಳೆಯ ಬಗೆಯ ಚಾಲನೆಗೆ ಅವಕಾಶ ಕೊಡುವ ಆಯ್ಕೆ) ನಿಷ್ಕ್ರಿಯಗೊಳಿಸಿ, ಎಫ್‌ಟಿಪಿಎಂ ಮತ್ತು ಸೆಕ್ಯೂರ್ ಬೂಟ್ (ನಂಬಿಕಸ್ತ ತಂತ್ರಾಂಶದಿಂದ ಮಾತ್ರ ಯಂತ್ರ ಚಾಲೂ ಆಗುವ ವ್ಯವಸ್ಥೆ) ಚಾಲೂ ಮಾಡಿದ ಮೇಲೆ ಅದು ಯಾವ ತಕರಾರೂ ಎತ್ತಲಿಲ್ಲ. ಮೈಕ್ರೋಸಾಫ್ಟ್‌ನ ಡಿಜಿಟಲ್ ಪರವಾನಗಿ ಮುಖ್ಯವಾಗಿ ಮದರ್‌ಬೋರ್ಡನ್ನು ಆಧರಿಸಿರುತ್ತದೆಯಾದ್ದರಿಂದ ಹಳೆಯ ವಿಂಡೋಸ್ 10ರ ಪರವಾನಗಿಯಲ್ಲೇ ಆಕ್ಟಿವೇಶನ್ ಆಯಿತು. ಬೋರ್ಡನ್ನು ಉಳಿಸಿಕೊಂಡದ್ದರ ಈ ಲಾಭವನ್ನು ಯಾವ ಅಂಗಡಿಯವರೂ ಲೆಕ್ಕಕ್ಕೆ ಹಿಡಿದು ಹೇಳುವುದಿಲ್ಲ.

ರ‍್ಯಾಮ್ ಹಳೆಯದೇ, 8 ಜಿಬಿಯ ಎರಡು ಡಿಡಿಆರ್4 ಕಡ್ಡಿಗಳು. ಹೊಸ ಪ್ರೊಸೆಸರಿನ ಮೆಮೊರಿ ನಿಯಂತ್ರಕ ಉತ್ತಮವಾಗಿರುವುದರಿಂದ, 3200ರ ಗುರುತಿದ್ದರೂ ಮೊದಲು ಆ ವೇಗದಲ್ಲಿ ನಿಲ್ಲದ ಅವೇ ಕಡ್ಡಿಗಳು ಈಗ ನಿರಾತಂಕವಾಗಿ ಓಡುತ್ತಿವೆ. ಎಎಂಡಿಯದೇ ಹೊಸ ತಲೆಮಾರಿನ ಯಂತ್ರ ಕೊಳ್ಳುವುದಾಗಿದ್ದರೆ 2022ರಲ್ಲಿ ಬಂದ ಎಎಂ5 ಸಾಕೆಟ್ ಬೇಕಾಗುತ್ತಿತ್ತು, ಅದಕ್ಕೆ ಡಿಡಿಆರ್5 ಅಲ್ಲದೆ ಬೇರೆ ರ‍್ಯಾಮ್ ಒಗ್ಗದು. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿಯ ಬೆಲೆ 2025ರ ಕೊನೆಯ ತಿಂಗಳುಗಳಲ್ಲಿ ವಿಪರೀತ ಏರಿತು. ಆ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಕ್ರೂಶಿಯಲ್ ಹೆಸರಿನ ತನ್ನ ಗ್ರಾಹಕ ಮಾರಾಟವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಇಂಥ ಸಮಯದಲ್ಲಿ ಮನೆಯಲ್ಲಿರುವ ಡಿಡಿಆರ್4 ಕಡ್ಡಿಗಳನ್ನು ಮಾರಿಬಿಡುವುದು ಜಾಣತನವಲ್ಲ.

5600ರಲ್ಲಿ ಗ್ರಾಫಿಕ್ಸ್ ಅಡಕವಾಗಿಲ್ಲ ಎಂಬುದು ಇದರ ನಿಜವಾದ ಕೊರತೆ. ನಮ್ಮಲ್ಲಿ ಜಿಟಿಎಕ್ಸ್ 1050 ಟಿಐ ಕಾರ್ಡ್ ಮೊದಲಿನಿಂದಲೂ ಇದ್ದುದರಿಂದ ತೊಂದರೆಯಾಗಲಿಲ್ಲ. ಆ ಪೀಳಿಗೆಯ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ ಕೈಬಿಟ್ಟಿದ್ದರೂ ಭದ್ರತಾ ಪರಿಷ್ಕರಣೆಗಳು 2028ರ ಅಕ್ಟೋಬರ್‌ವರೆಗೆ ಬರುತ್ತವೆ, ನಮ್ಮ ಕೆಲಸಕ್ಕೆ ಅಷ್ಟು ಸಾಕು. ಪ್ರತ್ಯೇಕ ಕಾರ್ಡ್ ಇಲ್ಲದೆ ರೈಜನ್ 3 2200ಜಿ ಬಳಸುತ್ತಿರುವವರು 5600ನ್ನು ಕೊಳ್ಳಬಾರದು, ಗ್ರಾಫಿಕ್ಸ್ ಅಡಕವಾಗಿರುವ 5600ಜಿ ಕೇಳಿ ಪಡೆಯಬೇಕು. ಅದರ ಎಲ್3 ಕ್ಯಾಶ್ 16 ಎಂಬಿ ಮಾತ್ರವಾದರೂ ಮನೆಯ ಕೆಲಸಗಳಿಗೆ ಧಾರಾಳವಾಗಿ ಸಾಲುತ್ತದೆ. ಆಟಗಳಿಗಾಗಿಯೇ ಹಣ ಹಾಕುವವರು 96 ಎಂಬಿ ಕ್ಯಾಶ್ ಇರುವ 5700ಎಕ್ಸ್3ಡಿ ಸಿಕ್ಕರೆ ನೋಡಬಹುದು, ಆದರೆ ಅಂಥವರು ಅದಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡಿಗೂ ಸಿದ್ಧರಿರಬೇಕು.

ಕೊಳ್ಳುವಾಗ ಪೆಟ್ಟಿಗೆ ಸಮೇತ ಬರುವ ಪ್ರೊಸೆಸರನ್ನೇ ಕೇಳಿ. ಅದಕ್ಕೆ ಎಎಂಡಿಯ ಮೂರು ವರ್ಷದ ವಾರಂಟಿ ಇರುತ್ತದೆ, ಬಿಡಿಯಾಗಿ ಮಾರುವ ಟ್ರೇ ಪ್ರೊಸೆಸರ್‌ಗಳಿಗೆ ಆ ಭರವಸೆ ಇಲ್ಲ. ಪೆಟ್ಟಿಗೆಯ ಕಿಂಡಿಯಿಂದ ಕಾಣುವ ಪ್ರೊಸೆಸರಿನ ಮೇಲಿನ ಕ್ರಮಸಂಖ್ಯೆ ಮತ್ತು ಲೇಬಲ್‌ನ ಸಂಖ್ಯೆ ಒಂದೇ ಆಗಿದೆಯೇ ಎಂದು ಅಂಗಡಿಯಲ್ಲೇ ಹೊಂದಿಸಿ ನೋಡಿ, ಆ ಸಂಖ್ಯೆಯನ್ನು ಜಿಎಸ್‌ಟಿ ಬಿಲ್ಲಿನ ಮೇಲೆ ಬರೆಸಿಕೊಂಡು ಬನ್ನಿ.