ಹೆದೆ ಎಳೆದು ಹಿಡಿದ ಫೋಟೋ ಇಲ್ಲದ ಮರದ ಬಿಲ್ಲಿಗೆ ದುಡ್ಡು ಕಳಿಸಬೇಡಿ

ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿ ಮಾಡಿದ ಮರದ ಬಿಲ್ಲು ಕೊಳ್ಳಬೇಕು ಅಂತ ಇದ್ದೀರಾ? ಹೆದೆಯನ್ನು ಪೂರ್ತಿ ಎಳೆದು ಹಿಡಿದಾಗ ಆ ಬಿಲ್ಲು ಹೇಗೆ ಬಾಗುತ್ತದೆ ಅಂತ ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ನಾನು ಕಳಿಸಿದೆ. 16,500 ರೂಪಾಯಿ ಹೋಯಿತು. ದುಡ್ಡಿನ ಮಾತು ಬಿಡಿ, ನನ್ನ ಅಕ್ಕನ ಮಗನ ಕಣ್ಣು ಹೋಗುವುದು ಕೂದಲೆಳೆಯಲ್ಲಿ ತಪ್ಪಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮೈಸೂರಿನವನು. ಎರಡು ವರ್ಷದಿಂದ ವಾರಕ್ಕೆ ಮೂರು ದಿನ ಬೆಳಿಗ್ಗೆ ಬಾಣ ಬಿಡುತ್ತೇನೆ. ಇಷ್ಟು ದಿನ ಹಿಡಿದದ್ದು ಕ್ಲಬ್ಬಿನ ರಿಕರ್ವ್ ಬಿಲ್ಲು, ಅಂದರೆ ತುದಿಗಳು ಗುರಿಯ ಕಡೆಗೆ ಬಾಗಿದ ಬಿಲ್ಲು. ಲೋಹದ ಹಿಡಿ, ಅದರ ಮೇಲೆ ಕೆಳಗೆ ಫೈಬರ್ ಹಾಕಿದ ರೆಕ್ಕೆಗಳು (ಬಾಗುವ ಭಾಗಗಳು). ಒಳ್ಳೆಯ ಬಿಲ್ಲೇ. ಆದರೆ ಚಿಕ್ಕಂದಿನಲ್ಲಿ ಬಿದಿರ ಸೀಳಿಗೆ ಸೆಣಬಿನ ಹುರಿ ಕಟ್ಟಿ, ತೆಂಗಿನ ಕಡ್ಡಿಯನ್ನು ಬಾಣ ಮಾಡಿಕೊಂಡು ಅಜ್ಜಿ ಮನೆ ಹಿತ್ತಲಲ್ಲಿ ಓಡಾಡಿದವರಿಗೆ ಮರದ ಬಿಲ್ಲಿನ ಆಸೆ ಹೋಗುವುದಿಲ್ಲ, ಅಲ್ವಾ?

ಮಾರುವವನು ಇನ್‌ಸ್ಟಾಗ್ರಾಮಿನಲ್ಲಿ ಸಿಕ್ಕ. ಬೇರೆ ರಾಜ್ಯದವನು, ಹೆಸರು ಹೇಳುವುದಿಲ್ಲ. ಫೋಟೋಗಳು ಚೆನ್ನಾಗಿದ್ದವು. ಕೆಂಪು ಬಟ್ಟೆಯ ಮೇಲೆ ಕಂದು ಬಣ್ಣದ ಬಿಲ್ಲು, ಹಿಡಿಗೆ ಸುತ್ತಿದ ಚರ್ಮ, ಕನ್ನಡಿಯ ಹಾಗೆ ಹೊಳೆಯುವ ವಾರ್ನಿಷ್. ಕೈಯಾಡಿಸಿದರೆ ಬೆಣ್ಣೆಯ ಹಾಗೆ ಜಾರುತ್ತೆ ಅನ್ನಿಸುವಷ್ಟು ನುಣುಪು. ಹದಿನಾಲ್ಕು ಫೋಟೋ ಇದ್ದವು. ಹದಿನಾಲ್ಕರಲ್ಲೂ ಬಿಲ್ಲು ಮಲಗಿಯೇ ಇತ್ತು. ಹೆದೆ ಏರಿಸಿದ್ದು ಒಂದೂ ಇಲ್ಲ, ಎಳೆದು ಹಿಡಿದದ್ದು ಒಂದೂ ಇಲ್ಲ. ಇದು ನನಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ.

ಯಾವ ಮರ ಅಂತ ಕೇಳಿದೆ. ‘ಹಿಕರಿ ಸಾರ್, ಅಮೆರಿಕದಿಂದ ತರಿಸಿದ ಮರ’ ಅಂದ. ಎಷ್ಟು ಪೌಂಡ್ ಅಂದರೆ ನಲವತ್ತೈದು ಅಂದ. ಎಷ್ಟು ಇಂಚು ಎಳೆದಾಗ ನಲವತ್ತೈದು ಅಂತ ಕೇಳಿದ್ದಕ್ಕೆ ‘ಸ್ಟ್ಯಾಂಡರ್ಡ್ ಸಾರ್’ ಅಂತ ಒಂದೇ ಪದ ಬಂತು. ಅಲ್ಲೇ ನಿಲ್ಲಬೇಕಿತ್ತು.

ಹೊಸಬರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಿಲ್ಲಿನ ಪೌಂಡ್ ಅಂದರೆ ತಕ್ಕಡಿಗೆ ಹಾಕಿದರೆ ಬರುವ ತೂಕ ಅಲ್ಲ. ಹೆದೆಯನ್ನು ಇಂತಿಷ್ಟು ಇಂಚು ಎಳೆದು ಹಿಡಿಯಲು ಬೇಕಾಗುವ ಬಲ. ಸಾಮಾನ್ಯವಾಗಿ 28 ಇಂಚಿಗೆ ಅಳೆದು ಹೇಳುತ್ತಾರೆ. 45 ಪೌಂಡ್ ಅಂದರೆ ಸುಮಾರು 20 ಕೆಜಿ ಎಳೆತ. ಇನ್ನೊಂದು ಇಂಚು ಜಾಸ್ತಿ ಎಳೆದರೆ ಇನ್ನೆರಡು ಮೂರು ಪೌಂಡ್ ಏರುತ್ತದೆ. ಹಾಗಾಗಿ ಇಂಚು ಹೇಳದೆ ಪೌಂಡ್ ಮಾತ್ರ ಹೇಳಿದರೆ ಅವನು ಏನನ್ನೂ ಹೇಳಿಲ್ಲ ಅಂತಲೇ ಲೆಕ್ಕ. ಕೈಕೆಲಸದವನಾಗಿದ್ದರೆ ಮೊದಲು ನಿಮ್ಮ ಎಳೆತ ಎಷ್ಟು ಇಂಚು ಅಂತ ಅವನೇ ಕೇಳುತ್ತಾನೆ. ಇವನು ಕೇಳಿದ್ದು ಯುಪಿಐ ಸ್ಕ್ರೀನ್‌ಶಾಟ್ ಮಾತ್ರ.

ಮೂರು ವಾರ ಅಂದವನು ಏಳು ವಾರ ತೆಗೆದುಕೊಂಡ. ಪಿವಿಸಿ ಪೈಪಿನೊಳಗೆ ಬಿಲ್ಲು ಬಂತು. ಹೆದೆ ಏರಿಸಿ, ಗೋಡೆಗೆ ಒರಗಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ. ಮೇಲಿನ ರೆಕ್ಕೆ ಚಂದವಾಗಿ ಬಿದಿಗೆ ಚಂದ್ರನ ಹಾಗೆ ಬಾಗಿತ್ತು. ಕೆಳಗಿನದು ಹಾಗಿರಲಿಲ್ಲ. ಹಿಡಿಯಿಂದ ಒಂದು ಗೇಣು ದೂರದಲ್ಲಿ ಮೊಣಕಾಲು ಮಡಚಿದ ಹಾಗೆ ಒಂದೇ ಕಡೆ ಮಡಚಿಕೊಂಡಿತ್ತು, ಉಳಿದದ್ದೆಲ್ಲ ಕೋಲಿನ ಹಾಗೆ ನೇರ. ಫೋಟೋ ತೆಗೆದು ಕಳಿಸಿದೆ. ‘ಹೊಸ ಬಿಲ್ಲು ಸಾರ್, ನೂರು ಬಾಣ ಬಿಡಿ, ತಾನೇ ಸರಿಹೋಗುತ್ತೆ’ ಅಂದ.

ಈ ಮಾತನ್ನು ದಯವಿಟ್ಟು ನಂಬಬೇಡಿ. ಇದು ಸುಳ್ಳು. ಎರಡೂ ರೆಕ್ಕೆ ಒಂದೇ ಸಮ, ಉದ್ದಕ್ಕೂ ಬಾಗುವ ಹಾಗೆ ಸ್ವಲ್ಪ ಸ್ವಲ್ಪವೇ ಕೆರೆದು ತರುವುದನ್ನು ಟಿಲ್ಲರ್ ಮಾಡುವುದು ಅನ್ನುತ್ತಾರೆ. ಬಿಲ್ಲು ಮಾಡುವ ಕೆಲಸದಲ್ಲಿ ತಾಳ್ಮೆ ಬೇಕಾಗುವುದೇ ಇಲ್ಲಿ. ಒಂದೇ ಕಡೆ ಮಡಚುವ ಬಿಲ್ಲಿನಲ್ಲಿ ಭಾರವೆಲ್ಲ ಆ ಒಂದು ಜಾಗದ ಮೇಲೆ ಬೀಳುತ್ತದೆ. ಪ್ರತಿ ಬಾಣಕ್ಕೂ ಅದು ಇನ್ನಷ್ಟು ಸೋಲುತ್ತಾ ಹೋಗುತ್ತದೆ. ಸರಿಮಾಡಬೇಕಾದರೆ ಬಾಗದೆ ನಿಂತಿರುವ ಜಾಗಗಳಲ್ಲಿ ಮರ ಕೆರೆಯಬೇಕು. ಆ ಕೆಲಸ ಮಾಡುವವನ ಕೈಯಲ್ಲಿ ಆಗಬೇಕು, ಬಾಣ ಬಿಡುವುದರಿಂದ ಆಗುವುದಿಲ್ಲ.

ಮನೆಯಲ್ಲಿ ಸೂಟ್‌ಕೇಸ್ ತೂಗುವ ಕೈತಕ್ಕಡಿ ಇತ್ತು. ಅದರ ಕೊಕ್ಕೆಯನ್ನು ಹೆದೆಗೆ ಸಿಕ್ಕಿಸಿ 28 ಇಂಚಿಗೆ ಎಳೆದು ನೋಡಿದೆ. 26 ಕೆಜಿ ತೋರಿಸಿತು. ಅಂದರೆ 57 ಪೌಂಡ್. ಹೇಳಿದ್ದಕ್ಕಿಂತ 12 ಪೌಂಡ್ ಜಾಸ್ತಿ. ಇಷ್ಟು ಗೊತ್ತಾದ ಮೇಲೂ ನಾನು ಆ ಬಿಲ್ಲನ್ನು ಮೈದಾನಕ್ಕೆ ತೆಗೆದುಕೊಂಡು ಹೋದೆ. ಏಳು ವಾರ ಕಾದಿದ್ದೆ, ಅಷ್ಟು ದುಡ್ಡು ಕೊಟ್ಟಿದ್ದೆ, ಬಿಡಲು ಮನಸ್ಸು ಬರಲಿಲ್ಲ. ಆ ತಪ್ಪು ನನ್ನದೇ.

ನಾಲ್ಕನೇ ದಿನ. ಅಕ್ಕನ ಮಗ ಹಿಂದೆ ಸ್ಟೂಲಿನ ಮೇಲೆ ಕೂತು ಬಾಣ ಎಣಿಸುತ್ತಿದ್ದ. ಮೂವತ್ತು ಬಾಣ ಆಗಿರಬಹುದು. ಎಳೆಯುವಾಗ ‘ಟಿಕ್’ ಅಂತ ಸಣ್ಣ ಸದ್ದಾಯಿತು. ಒಣಗಿದ ಹುಣಸೆಕಾಯಿಯ ಓಡು ಒಡೆದಷ್ಟು ಸದ್ದು, ಅಷ್ಟೇ. ಮರದ ಬಿಲ್ಲಿನಲ್ಲಿ ಆ ಸದ್ದು ಕೇಳಿದರೆ ಹೆದೆಯನ್ನು ನಿಧಾನವಾಗಿ ಇಳಿಸಿ, ಬಿಲ್ಲನ್ನು ಕೆಳಗಿಡಿ. ಇನ್ನೊಂದು ಬಾಣ ಬೇಡ. ನಾನು ಇನ್ನೊಂದು ಹೂಡಿದೆ. ಪೂರ್ತಿ ಎಳೆದಾಗ ಪಟಾಕಿ ಸಿಡಿದ ಹಾಗೆ ಕೆಳಗಿನ ರೆಕ್ಕೆ ಮುರಿಯಿತು. ಮೇಲಿನ ತುದಿ ಬಂದು ನನ್ನ ಹುಬ್ಬಿನ ಮೇಲೆ ಬಡಿಯಿತು. ಮೂರು ಹೊಲಿಗೆ ಬಿದ್ದವು. ನಾಲ್ಕಿಂಚಿನ ಒಂದು ಸಿಬಿರು ಹಿಂದಕ್ಕೆ ಹಾರಿ ಹುಡುಗನ ಟೋಪಿಯ ಅಂಚಿಗೆ ಚುಚ್ಚಿ ನಿಂತಿತ್ತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತಾ ನಿಂತಿದ್ದ. ಅವನಿಗಿನ್ನೂ ಹನ್ನೊಂದು ವರ್ಷ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುರಿದ ತುಂಡುಗಳನ್ನು ನಮ್ಮ ಬೀದಿಯ ಆಚಾರ್ರಿಗೆ ತೋರಿಸಿದೆ. ಒಂದು ಕಾಲದಲ್ಲಿ ನೇಗಿಲು, ನೊಗ ಮಾಡುತ್ತಿದ್ದವರು, ಈಗ ಬಾಗಿಲು ಕಿಟಕಿ ಮಾಡುತ್ತಾರೆ. ಬಿಲ್ಲನ್ನು ಅವರು ಯಾವತ್ತೂ ಮಾಡಿಲ್ಲ. ಆದರೆ ಮರ ಗೊತ್ತು. ತುಂಡನ್ನು ಬಿಸಿಲಿಗೆ ಹಿಡಿದು, ಉಗುರಿನಿಂದ ಒಂದು ಗೆರೆಯ ಮೇಲೆ ಎಳೆದು ತೋರಿಸಿದರು.

‘ನೋಡಿ ಸ್ವಾಮಿ, ನಾರು ಹಿಂಗೆ ಓಡ್ತಾ ಇದೆ. ಅವನು ಹಿಂಗೆ ಕುಯ್ದವ್ನೆ.’

ನಾರಿನ ಗೆರೆಗಳು ಹಿಡಿಯ ಹತ್ತಿರ ಎಡ ಅಂಚಿನಲ್ಲಿ ಶುರುವಾಗಿ, ಒಂದು ಗೇಣು ದಾಟುವಷ್ಟರಲ್ಲಿ ಬಲ ಅಂಚಿನಿಂದ ಹೊರಗೆ ಓಡಿಹೋಗಿದ್ದವು. ಬಿಲ್ಲು ಮುರಿದಿದ್ದೂ ಸರಿಯಾಗಿ ಆ ಓರೆ ಗೆರೆಯ ಮೇಲೆಯೇ.

‘ಹಾಗಾದ್ರೆ ಮರಾನೇ ಸರಿ ಇಲ್ವಾ ಆಚಾರ್ರೇ?’

‘ಮರದ ತಪ್ಪಲ್ಲ. ಕೊಡಲಿ ಕಾವಿಗೂ ನಾನು ಇಂಥ ತುಂಡು ಹಾಕಲ್ಲ.’

ಆಮೇಲೆ ಅವರು ಉಳಿಯಿಂದ ಹಿಡಿಯ ಚರ್ಮ ಸೀಳಿ ಬಿಚ್ಚಿದರು. ಒಳಗೆ ಹೆಬ್ಬೆರಳುದ್ದದ ಹಳೆಯ ಬಿರುಕು. ಅದರ ತುಂಬ ಮರದ ಹೊಟ್ಟು ಮತ್ತು ಗೋಂದು ಕಲಸಿ ಮೆತ್ತಿದ್ದರು. ಬಿಲ್ಲು ಮಡಚುತ್ತಿದ್ದ ಜಾಗವನ್ನೂ ಕೆರೆದು ನೋಡಿದರು. ವಾರ್ನಿಷಿನ ಕೆಳಗೆ ಒಂದು ಗಂಟು. ಅದನ್ನು ಸುತ್ತಲಿನ ಮರದ ಸಮಕ್ಕೆ ಉಜ್ಜಿ, ಮೇಲೆ ಅದೇ ಗೋಂದು ಸವರಿ, ಬಣ್ಣ ಹೊಡೆದಿದ್ದರು. ಯಾವ ನುಣುಪಿಗೆ ನಾನು ಮರುಳಾಗಿದ್ದೆನೋ ಅದೇ ಬಿಲ್ಲನ್ನು ಕೊಂದಿತ್ತು.

ಯಾಕೆ ಅಂತ ಹೇಳುತ್ತೇನೆ. ಬಿಲ್ಲನ್ನು ಹಿಡಿದಾಗ ಗುರಿಯ ಕಡೆಗೆ ಇರುವುದು ಅದರ ಬೆನ್ನು, ನಮ್ಮ ಕಡೆಗೆ ಇರುವುದು ಹೊಟ್ಟೆ. ಎಳೆದಾಗ ಹೊಟ್ಟೆ ಒತ್ತಿಕೊಳ್ಳುತ್ತದೆ, ಬೆನ್ನು ಹಿಗ್ಗುತ್ತದೆ. ಹಿಗ್ಗುವ ಬೆನ್ನಿನಲ್ಲಿ ನಾರು ಈ ತುದಿಯಿಂದ ಆ ತುದಿವರೆಗೆ ಕಡಿಯದೆ ಓಡಬೇಕು. ಅದಕ್ಕೇ ಕೆಲಸ ಬಲ್ಲವರು ಬೆನ್ನಿನ ಮೇಲೆ ಗಂಟು ಬಂದರೆ ಅದನ್ನು ಉಜ್ಜಿ ಸಪಾಟು ಮಾಡುವುದಿಲ್ಲ. ಸುತ್ತ ಸ್ವಲ್ಪ ಮರ ಜಾಸ್ತಿ ಬಿಟ್ಟು, ಉಬ್ಬಾಗಿಯೇ ಇರಲು ಬಿಡುತ್ತಾರೆ. ಇಂಗ್ಲೆಂಡಿನ ಮೇರಿ ರೋಸ್ ಅನ್ನುವ ಯುದ್ಧದ ಹಡಗು 1545ರಲ್ಲಿ ಮುಳುಗಿತು. ಅದನ್ನು 1982ರಲ್ಲಿ ಮೇಲಕ್ಕೆತ್ತಿದರು. ಅದರಲ್ಲಿ ಯೂ ಮರದ 130ಕ್ಕೂ ಹೆಚ್ಚು ಬಿಲ್ಲುಗಳು ಸಿಕ್ಕಿವೆ. ಅವುಗಳ ಬೆನ್ನ ಮೇಲೂ ಗಂಟಿದ್ದ ಕಡೆ ಹೀಗೆ ಉಬ್ಬು ಬಿಟ್ಟಿದ್ದಾರೆ. ನಮ್ಮ ಬಿದಿರ ಬಿಲ್ಲಿನದೂ ಅದೇ ಕಥೆ. ಬಿದಿರಿನ ಹೊರಸಿಪ್ಪೆಯ ಕಡೆ ಬೆನ್ನಾಗಬೇಕು. ನೋಡೋಕೆ ಚೆನ್ನಾಗಿರಲಿ ಅಂತ ಆ ಕಡೆಯ ಗಿಣ್ಣುಗಳನ್ನು ಉಜ್ಜಿ ತೆಗೆದರೆ ನಾರೇ ಕಡಿದುಹೋಗುತ್ತದೆ. ಆದ್ದರಿಂದ ಬೆನ್ನು ಪೂರ್ತಿ ನುಣ್ಣಗಿದ್ದು, ಮೇಲೆ ಗಾಢ ಬಣ್ಣ ಬಳಿದಿದ್ದರೆ ಹುಷಾರಾಗಿರಿ.

ಫೋಟೋ ಕಳಿಸಿದಾಗ ಮಾರಿದವನು ಮೊದಲು ಹೇಳಿದ್ದು, ‘ನೀವು ಬಾಣ ಹಾಕದೆ ಹೆದೆ ಬಿಟ್ಟಿದ್ದೀರಿ.’ ಆಮೇಲೆ, ‘ಜಾಸ್ತಿ ಎಳೆದಿದ್ದೀರಿ.’ ಹಿಡಿಯೊಳಗಿನ ಗೋಂದಿನ ಫೋಟೋ ಕಳಿಸಿದ ಮೇಲೆ, ‘ಮರ ಸಾರ್, ಅದಕ್ಕೆಲ್ಲ ಗ್ಯಾರಂಟಿ ಇಲ್ಲ.’ ಮರುದಿನ ನನ್ನ ನಂಬರನ್ನು ಬ್ಲಾಕ್ ಮಾಡಿದ.

ಬಾಣ ಇಲ್ಲದೆ ಹೆದೆ ಬಿಟ್ಟರೆ ಬಿಲ್ಲು ಮುರಿಯಬಹುದು ಅನ್ನುವುದು ನಿಜ. ಅದಕ್ಕೇ ಇದು ಅವರ ಕೈಗೆ ಸುಲಭವಾಗಿ ಸಿಗುವ ನೆಪ. ಪಾರ್ಸೆಲ್ ಬಿಚ್ಚುವುದು, ಮೊದಲ ಸಲ ಹೆದೆ ಏರಿಸುವುದು, ಮೊದಲ ಹತ್ತಿಪ್ಪತ್ತು ಬಾಣ ಇವಿಷ್ಟನ್ನು ವಿಡಿಯೋ ಮಾಡಿಟ್ಟುಕೊಳ್ಳಿ. ಬಿಲ್ಲು ಬಿಲ್ ಜೊತೆಗೇ ಬರಲಿ. ನನ್ನ ಹತ್ತಿರ ಬಿಲ್ ಇರಲಿಲ್ಲ, ಯುಪಿಐ ದಾಖಲೆ ಮತ್ತು ಚಾಟ್ ಮಾತ್ರ ಇದ್ದವು. ಅವನ್ನೇ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಆಗದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕ ಇಲ್ಲ.

ಇನ್ನು, ಕೊಳ್ಳುವ ಮುಂಚೆ ಏನು ಕೇಳಬೇಕು? ಹೆದೆ ಏರಿಸಿ ನಿಲ್ಲಿಸಿದ ಫೋಟೋ ಕೇಳಿ. ಪೂರ್ತಿ ಎಳೆದು ಹಿಡಿದ ಫೋಟೋ ಕೇಳಿ, ಎರಡೂ ತುದಿ ಕಾಣಬೇಕು. ತಕ್ಕಡಿಗೆ ಹಾಕಿ ನಿಮ್ಮ ಎಳೆತದ ಇಂಚಿಗೆ ಎಷ್ಟು ಪೌಂಡ್ ತೋರಿಸುತ್ತದೆ ಅಂತ ವಿಡಿಯೋ ಕೇಳಿ. ಬೆನ್ನಿನ ಫೋಟೋವನ್ನು ಬಿಸಿಲಲ್ಲಿ, ಬಣ್ಣ ಹಾಕುವುದಕ್ಕೆ ಮುಂಚೆ ತೆಗೆಸಿಕೊಳ್ಳಿ. ನಾರಿನ ಗೆರೆ ಎಲ್ಲಿಗೆ ಓಡುತ್ತದೆ ಅಂತ ನೀವೇ ಬೆರಳಿಟ್ಟು ನೋಡಬಹುದು. ಹೆದೆ ಯಾವುದು ಅಂತಲೂ ಕೇಳಿ. ತುದಿಗೆ ಗಟ್ಟಿ ಪದರ ಅಂಟಿಸದ ಮರದ ಬಿಲ್ಲಿಗೆ ಸ್ವಲ್ಪ ಹಿಗ್ಗುವ ಡೆಕ್ರಾನ್ (ಪಾಲಿಯೆಸ್ಟರ್ ನೂಲಿನ) ಹೆದೆ ಒಳ್ಳೆಯದು. ಹಿಗ್ಗದ ಹೊಸ ಕಾಲದ ಹೆದೆ ತುದಿಯ ಕಚ್ಚನ್ನೇ ಸೀಳಬಹುದು. ಮಂಗಳೂರು, ಉಡುಪಿ ಕಡೆಯವರು ಹಿಕರಿ ತರಿಸುವುದಾದರೆ ಇನ್ನೊಂದು ಮಾತು. ಆ ಮರ ಗಾಳಿಯ ತೇವವನ್ನು ಬೇಗ ಕುಡಿಯುತ್ತದೆ. ಆಗ ಬಾಣದ ವೇಗ ಇಳಿಯುತ್ತದೆ, ಹೆದೆ ಬಿಚ್ಚಿದರೂ ಬಿಲ್ಲು ಬಾಗಿಯೇ ಉಳಿಯುತ್ತದೆ. ನಿಮ್ಮೂರಿನ ಹವೆ ಹೇಗೆ ಅಂತ ಮಾಡುವವರಿಗೆ ಮೊದಲೇ ಹೇಳಿ.

ಇಷ್ಟೆಲ್ಲ ಕೇಳಿದರೆ ಬೇಜಾರಾಗುತ್ತಾರೇನೋ ಅಂತ ಸಂಕೋಚ ಬೇಡ. ಇದಾದ ಮೇಲೆ ನಾನು ಇನ್ನೊಬ್ಬರ ಹತ್ತಿರ ಬಿದಿರ ಬಿಲ್ಲಿಗೆ ವಿಚಾರಿಸಿದೆ. ಅವರು ಫೋನಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದರು. ನಾನು ಕೇಳುವ ಮುಂಚೆಯೇ ಎಳೆದ ವಿಡಿಯೋ ಕಳಿಸಿದರು. ‘ಮೂರನೇ ಗಿಣ್ಣಿನ ಪಕ್ಕ ಸಣ್ಣ ಹುಳುಕು ಇದೆ, ಬೇಡ ಅಂದ್ರೆ ಬೇರೆ ಮಾಡಿಕೊಡ್ತೀನಿ’ ಅಂತ ಅವರೇ ತೋರಿಸಿದರು. ಒಳ್ಳೆಯ ಬಿಲ್ಲೂ ಒಂದು ದಿನ ಮುರಿಯಬಹುದು ಅಂತಲೂ ಹೇಳಿದರು. ಮರದ ಬಿಲ್ಲೇ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ಇಂಡಿಯನ್ ರೌಂಡ್ ಸ್ಪರ್ಧೆಗಳಲ್ಲಿ ಮಕ್ಕಳು ಬಿದಿರ ಬಿಲ್ಲಿನಲ್ಲೇ 30 ಮೀಟರ್, 50 ಮೀಟರ್ ದೂರಕ್ಕೆ ಗುರಿ ಇಟ್ಟು ಹೊಡೆಯುತ್ತಾರೆ.

ಮುರಿದ ತುಂಡುಗಳನ್ನು ಬಿಸಾಡಿಲ್ಲ. ಗೋಂದು ಮೆತ್ತಿದ ಹಿಡಿ, ಓರೆ ನಾರು, ಉಜ್ಜಿದ ಗಂಟು ಎಲ್ಲ ಹಾಗೇ ಇವೆ. ಮೈಸೂರಿನ ಕಡೆ ಇರುವವರು ಬಂದರೆ ಕೈಗೆ ಕೊಟ್ಟು ತೋರಿಸುತ್ತೇನೆ. ದೂರದವರು ತಾವು ಕೊಳ್ಳಬೇಕೆಂದಿರುವ ಬಿಲ್ಲಿನ ಫೋಟೋ ಕಳಿಸಿ. ಆಚಾರ್ರನ್ನು ಕೇಳಿದ್ದೇನೆ, ಸಂಜೆ ಹೊತ್ತು ನೋಡಿ ಹೇಳುತ್ತೇನೆ ಅಂದಿದ್ದಾರೆ.